ಸೈಕಲ್ ಭಾಗ ಮುರಿಯಿತೇ? ವಾರಂಟಿಯಲ್ಲಿ ಬದಲಿ ಪಡೆಯುವುದು ಹೀಗೆ

ಚಾಮುಂಡಿ ಬೆಟ್ಟದ ಏರಿನಲ್ಲಿ ಎದ್ದು ನಿಂತು ತುಳಿಯುವಾಗಲೋ, ಮಂಡ್ಯದ ನಾಲೆ ಏರಿಯ ಗುಂಡಿಗಳಲ್ಲಿ ಚಕ್ರ ಕುಪ್ಪಳಿಸುವಾಗಲೋ ಸೈಕಲ್ಲಿನ ಒಂದು ಭಾಗ ಮುರಿಯುತ್ತದೆ. ಕೊಂಡು ಇನ್ನೂ ವರ್ಷ ತುಂಬಿರುವುದಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಹತ್ತಿರದ ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋಗಿ, ಸಿಕ್ಕಿದ ಬಿಡಿಭಾಗ ಹಾಕಿಸಿ, ಮುರಿದದ್ದನ್ನು ಅಲ್ಲೇ ಬಿಟ್ಟು ಬರುತ್ತಾರೆ. ವಾರಂಟಿ ಕೈತಪ್ಪುವುದು ಅಲ್ಲಿಯೇ. ಆ ಮುರಿದ ತುಂಡೇ ನಿಮ್ಮ ಪರವಾದ ಮೊದಲ ಸಾಕ್ಷಿ. ಅದನ್ನು ಕಾಪಾಡಿಕೊಂಡು, ಆಡುವ ಮಾತನ್ನೆಲ್ಲ ಬರಹದಲ್ಲಿ ಇಟ್ಟರೆ ಅರ್ಧ ಕೆಲಸ ಆದಂತೆಯೇ.

ಮೊದಲು ಮುರಿದ ಜಾಗ ನೋಡಿ

ಸೈಕಲನ್ನು ತುಳಿದುಕೊಂಡು ಮನೆಗೆ ಬರುವ ಸಾಹಸ ಬೇಡ. ತಳ್ಳಿಕೊಂಡು ಬನ್ನಿ, ಇಲ್ಲವೇ ಗೂಡ್ಸ್ ಆಟೊಗೆ ಹಾಕಿಸಿ. ಮುರಿದ ಎರಡೂ ತುಂಡುಗಳನ್ನು ಎತ್ತಿಟ್ಟುಕೊಳ್ಳಿ. ತೊಳೆಯಬೇಡಿ, ಎಣ್ಣೆ ಸವರಬೇಡಿ, ಕೂಡುತ್ತದೆಯೇ ಎಂದು ಒಂದಕ್ಕೊಂದು ಒತ್ತಿ ನೋಡಲೇಬೇಡಿ. ಮುರಿದ ಮುಖಗಳು ಉಜ್ಜಿಕೊಂಡರೆ ಅಲ್ಲಿನ ಗುರುತುಗಳು ಅಳಿಸಿಹೋಗುತ್ತವೆ.

ಆ ಗುರುತುಗಳು ಏನು ಹೇಳುತ್ತವೆ? ಕ್ರ್ಯಾಂಕ್, ಅಂದರೆ ಪೆಡಲನ್ನು ಹಿಡಿದಿರುವ ತೋಳು, ಮುರಿದಿದೆ ಎಂದುಕೊಳ್ಳಿ. ಮುರಿದ ಮುಖವನ್ನು ಹಗಲು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಂದು ಭಾಗ ನುಣುಪಾಗಿ, ಮಸುಕು ಬಣ್ಣದಲ್ಲಿದ್ದು, ಅದರ ಮೇಲೆ ಬೇಸಿಗೆಯಲ್ಲಿ ನೀರು ಇಳಿಯುತ್ತ ಹೋದ ಕೆರೆಯ ದಂಡೆಯ ಗೆರೆಗಳಂತೆ ಬಾಗಿದ ಸಾಲುಗಳು ಕಂಡರೆ, ಬಿರುಕು ಬಹಳ ಹಿಂದೆಯೇ ಹುಟ್ಟಿ ಪ್ರತಿ ತುಳಿತಕ್ಕೂ ಸ್ವಲ್ಪ ಸ್ವಲ್ಪವೇ ಬೆಳೆದಿದೆ ಎಂದರ್ಥ. ಲೋಹದ ಆಯಾಸ ಎನ್ನುವುದು ಇದನ್ನೇ. ಪಕ್ಕದಲ್ಲೇ ಒರಟಾಗಿ, ಕಾಳುಕಾಳಾಗಿ ಹೊಳೆಯುವ ಭಾಗ ಕೊನೆಗೆ ಒಮ್ಮೆಲೇ ಕಿತ್ತುಬಂದದ್ದು. ಮುಖವೆಲ್ಲ ಒರಟಾಗಿದ್ದು, ತೋಳು ಬಾಗಿ, ಹೊರಗೆ ಗೀರುಗಳಿದ್ದರೆ ಬಿದ್ದ ಪೆಟ್ಟಿಗೆ ಮುರಿದಿರುವ ಸಾಧ್ಯತೆ ಹೆಚ್ಚು. ನುಣುಪು ಗೆರೆ ಕಂಡ ಮಾತ್ರಕ್ಕೆ ತಯಾರಿಕೆಯ ದೋಷ ಸಾಬೀತಾಗುವುದಿಲ್ಲ, ಹಳೆಯ ಪೆಟ್ಟಿನಿಂದಲೂ ಬಿರುಕು ಶುರುವಾಗಬಹುದು. ಆದರೆ "ಎಲ್ಲೋ ಬೀಳಿಸಿ ಮುರಿದುಕೊಂಡು ಬಂದಿದ್ದೀರಿ" ಎಂಬ ಮಾತಿಗೆ ಉತ್ತರ ಕೊಡಲು ಇದಕ್ಕಿಂತ ಬಲವಾದ ಆಧಾರ ಬೇರೆ ಇಲ್ಲ. ಹತ್ತಿರದಿಂದ, ದೂರದಿಂದ, ಇಡೀ ಸೈಕಲ್ ಕಾಣುವಂತೆ ಫೋಟೊ ತೆಗೆದು, ತುಂಡುಗಳನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿಡಿ.

ಫ್ರೇಮ್ ಬಿರುಕು ಬಿಟ್ಟಿದ್ದರೆ ಇನ್ನೊಂದು ಎಚ್ಚರಿಕೆ. "ವೆಲ್ಡಿಂಗ್ ಮಾಡಿಸಿಬಿಡಿ ಸಾರ್, ಗಟ್ಟಿಯಾಗುತ್ತದೆ" ಎನ್ನುವ ಸಲಹೆ ಖಂಡಿತ ಸಿಗುತ್ತದೆ. ಒಪ್ಪಬೇಡಿ. ಅಲ್ಯೂಮಿನಿಯಮ್ ಫ್ರೇಮ್‌ಗಳಲ್ಲಿ ಹೆಚ್ಚಾಗಿ ಬಳಸುವ 6061 ದರ್ಜೆಯ ಲೋಹವನ್ನು ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ಮೇಲೆ ಶಾಖ ಕೊಟ್ಟು ಹದ ಮಾಡಿರುತ್ತಾರೆ. ರಸ್ತೆ ಬದಿಯ ವೆಲ್ಡಿಂಗ್ ಆ ಹದವನ್ನೇ ಕೆಡಿಸುತ್ತದೆ. ಸೈಕಲ್ಲೂ ದುರ್ಬಲವಾಗುತ್ತದೆ, ವಾರಂಟಿಯೂ ಹೋಗುತ್ತದೆ.

ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ

ಟೈರ್, ಟ್ಯೂಬ್, ಚೈನು, ಬ್ರೇಕ್ ಕಟ್ಟೆಗಳು ಬಳಸಿದಂತೆಲ್ಲ ಸವೆಯುವ ಭಾಗಗಳು. ಸವೆತಕ್ಕೆ ವಾರಂಟಿ ಕೇಳಿ ಪ್ರಯೋಜನವಿಲ್ಲ. ಫ್ರೇಮ್‌ಗೆ ಮತ್ತು ಮುಂಚಕ್ರವನ್ನು ಹಿಡಿದಿರುವ ಕವಲಾದ ಫೋರ್ಕ್‌ಗೆ ಸಾಮಾನ್ಯವಾಗಿ ದೀರ್ಘ ಅವಧಿ, ಉಳಿದ ಭಾಗಗಳಿಗೆ ಕಡಿಮೆ ಅವಧಿ ಇರುತ್ತದೆ. ವಾರಂಟಿ ಕಾರ್ಡಿನಲ್ಲಿ ಬರೆದದ್ದೇ ಲೆಕ್ಕ, ಆದ್ದರಿಂದ ಅದರ ಸಣ್ಣಕ್ಷರದ ಭಾಗವನ್ನು ಓದಿಯೇ ಹೊರಡಿ.

ಅಲ್ಲಿ ಮೂರು ಸಾಲುಗಳನ್ನು ಹುಡುಕಿ: ಮೊದಲ ಖರೀದಿದಾರರಿಗೆ ಮಾತ್ರವೇ, ತಪ್ಪು ಜೋಡಣೆಯಿಂದಾದ ಹಾನಿ ಹೊರತೇ, ವಾಣಿಜ್ಯ ಬಳಕೆ ಹೊರತೇ. ಈ ಮೂರನೆಯದು ಹಾಲು, ಪೇಪರ್ ಹಾಕುವವರಿಗೆ ಮುಖ್ಯ. ಕಾರ್ಡು ಏನೇ ಹೇಳಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ದುಡಿಮೆಯಿಂದ ಜೀವನ ನಡೆಸುವುದಕ್ಕಾಗಿಯೇ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ. ಕ್ಯಾನು ಕಟ್ಟಿಕೊಂಡು ಬೆಳಗಿನ ಜಾವ ಮನೆಮನೆಗೆ ಹಾಲು ಹಾಕುವವರೂ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರೇ. ಇದನ್ನು ಅವರಿಗೆ ಯಾರೂ ಹೇಳುವುದಿಲ್ಲ, ಹೇಳಲೇಬೇಕು.

ಅವಧಿ ಮುಗಿದಿದ್ದರೂ ಒಮ್ಮೆ ವಿಚಾರಿಸಿ. ಕೆಲವೊಮ್ಮೆ ಕಂಪನಿಯೇ ದೋಷ ಒಪ್ಪಿ ತಪಾಸಣೆಗೆ ಕರೆಯುತ್ತದೆ. 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದ, ಅಂಟಿನಿಂದ ಬೆಸೆದ ಅಲ್ಟೆಗ್ರಾ ಮತ್ತು ಡ್ಯುರಾ-ಏಸ್ ದರ್ಜೆಯ 11 ಸ್ಪೀಡ್ ಕ್ರ್ಯಾಂಕ್‌ಗಳಲ್ಲಿ ಅಂಟು ಬಿಡುವ ಅಪಾಯವಿದೆ ಎಂದು ಸೈಕಲ್ ಬಿಡಿಭಾಗ ತಯಾರಿಸುವ ಜಪಾನಿನ ಶಿಮಾನೊ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ತಪಾಸಣೆ ಮತ್ತು ಬದಲಿ ವ್ಯವಸ್ಥೆ ಪ್ರಕಟಿಸಿತು. ಕ್ರ್ಯಾಂಕ್‌ನ ಒಳಬದಿಯಲ್ಲಿ, ಪೆಡಲ್ ಕೂರುವ ಕಡೆ ಇರುವ ಎರಡಕ್ಷರದ ಸಂಕೇತದಿಂದ ಅದು ಯಾವ ಕಾಲದ್ದೆಂದು ತಿಳಿಯುತ್ತದೆ. ಹಳೆಯ ರೋಡ್ ಸೈಕಲ್ ಇರುವವರು ಇಂದೇ ನೋಡಿಕೊಳ್ಳುವುದು ಒಳ್ಳೆಯದು.

ಕಾಗದಪತ್ರ

ಬಿಲ್, ವಾರಂಟಿ ಕಾರ್ಡ್, ಸೈಕಲ್ಲಿನ ಸರಣಿ ಸಂಖ್ಯೆ. ಸೈಕಲನ್ನು ತಲೆಕೆಳಗೆ ನಿಲ್ಲಿಸಿದರೆ ಪೆಡಲ್ ಅಚ್ಚು ಹಾಯುವ ಕೊಳವೆಯ ಅಡಿಯಲ್ಲಿ ಸಾಮಾನ್ಯವಾಗಿ ಸಂಖ್ಯೆ ಕೊರೆದಿರುತ್ತದೆ. ಮಣ್ಣು ಒರೆಸಿ ಫೋಟೊ ತೆಗೆಯಿರಿ. ಈಗಿನ ಬಿಲ್‌ಗಳು ಬಹುಪಾಲು ಥರ್ಮಲ್ ಕಾಗದದವು, ಬೀರುವಿನಲ್ಲಿಟ್ಟರೂ ಅಕ್ಷರ ಮಾಸುತ್ತದೆ, ಅದಕ್ಕೂ ಫೋಟೊ ಬೇಕು. ಬಿಲ್ ಕೊಡದೆ ಬರೀ ಚೀಟಿ ಬರೆದುಕೊಟ್ಟಿದ್ದರೆ ಹಣ ಕಟ್ಟಿದ ಯುಪಿಐ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಸಾಲು ಕೂಡ ಖರೀದಿಯ ಪುರಾವೆಯೇ. ಬಿಲ್ ಕೊಡದಿರುವುದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಅಂಗಡಿಯಲ್ಲಿ

ಸೈಕಲ್ ಮಾರಿದ ಅಂಗಡಿಗೇ ಹೋಗಿ. ಜಗಳಕ್ಕೆ ಸಿದ್ಧರಾಗಿ ಹೋಗುವುದು ಬೇಡ. ಕಂಪನಿಗೆ ದೂರು ದಾಖಲಿಸಬೇಕಾದವರು ಅವರೇ, ಅವರ ಸಹಾಯ ನಿಮಗೆ ಬೇಕು. ಆದರೆ "ಬಿಟ್ಟು ಹೋಗಿ, ಕೇಳಿ ಹೇಳುತ್ತೇನೆ" ಎಂಬ ಮಾತಿಗೆ ತುಂಡನ್ನು ಕೊಟ್ಟು ಬರಿಗೈಯಲ್ಲಿ ಬರಬೇಡಿ. ಇಂಥ ದಿನ, ಇಂಥ ಭಾಗ ಪಡೆದಿದ್ದೇವೆ ಎಂದು ಸಹಿ, ಸೀಲು ಹಾಕಿಸಿಕೊಳ್ಳಿ. ಜೊತೆಗೆ ಒಂದು ಪತ್ರ ಕೊಡಿ. ಉದ್ದ ಬೇಡ, ಇಷ್ಟು ಸಾಕು:

"ಮಾನ್ಯರೇ, ದಿನಾಂಕ … ರಂದು ಬಿಲ್ ಸಂಖ್ಯೆ … ರಲ್ಲಿ ತಮ್ಮಿಂದ ಖರೀದಿಸಿದ ಸೈಕಲ್ಲಿನ (ಸರಣಿ ಸಂಖ್ಯೆ …) ಎಡಗಡೆಯ ಕ್ರ್ಯಾಂಕ್ ದಿನಾಂಕ … ರಂದು ಸಾಮಾನ್ಯ ಬಳಕೆಯಲ್ಲಿದ್ದಾಗ ಮುರಿದಿದೆ. ಸೈಕಲ್ ಬಿದ್ದಿಲ್ಲ, ಡಿಕ್ಕಿಯಾಗಿಲ್ಲ. ಫೋಟೊಗಳನ್ನು ಲಗತ್ತಿಸಿದ್ದೇನೆ. ವಾರಂಟಿ ಷರತ್ತಿನಂತೆ ಬದಲಿ ಭಾಗವನ್ನು 15 ದಿನಗಳೊಳಗೆ ಒದಗಿಸಬೇಕು. ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು."

ಸೈಕಲ್ ನಿಜವಾಗಿಯೂ ಬಿದ್ದಿದ್ದರೆ ಬಿದ್ದಿಲ್ಲ ಎಂದು ಬರೆಯಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಪತ್ರದ ಪ್ರತಿಯನ್ನು ಕಂಪನಿಯ ಗ್ರಾಹಕ ಸೇವಾ ಇಮೇಲ್‌ಗೂ ಕಳುಹಿಸಿ, ದೂರಿನ ಸಂಖ್ಯೆ ಪಡೆಯಿರಿ. ಫೋನಿನಲ್ಲಿ ಮಾತಾಡಿದರೆ ಆ ಮಾತಿನ ಸಾರವನ್ನು ಅದೇ ಸಂಜೆ ಇಮೇಲ್‌ನಲ್ಲಿ ಬರೆದು ಹಾಕಿ.

ಕ್ರ್ಯಾಂಕ್ ವಿಷಯದಲ್ಲಿ ಎರಡು ಆಕ್ಷೇಪಗಳು ಬಂದೇ ಬರುತ್ತವೆ. ಒಂದು, ಬೋಲ್ಟ್ ಸಡಿಲವಾಗಿದ್ದಾಗಲೇ ತುಳಿದದ್ದರಿಂದ ಕ್ರ್ಯಾಂಕ್ ಅಚ್ಚಿಗೆ ಕೂರುವ ಚೌಕದ ತೂತು ಸವೆದು ಅಗಲವಾಗಿದೆ ಎನ್ನುವುದು. ಎರಡು, ಪೆಡಲ್ ಥ್ರೆಡ್, ಅಂದರೆ ತಿರುಪಿನ ಸುತ್ತು, ಕಿತ್ತುಹೋಗಿದೆ ಎನ್ನುವುದು. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಗೊತ್ತಿಲ್ಲದವರು ಬಲವಂತವಾಗಿ ತಿರುಗಿಸಿದರೆ ಮೆದು ಅಲ್ಯೂಮಿನಿಯಮ್ ಥ್ರೆಡ್ ಹಾಳಾಗುತ್ತದೆ. ಜೋಡಿಸಿದವರು ಅಂಗಡಿಯವರೇ ಆಗಿದ್ದರೆ ಅದರ ಹೊಣೆಯೂ ಅವರದೇ, ಸಂಕೋಚವಿಲ್ಲದೆ ಹೇಳಿ. ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲೇ ಜೋಡಿಸಿಕೊಂಡವರಿಗೆ ಇಲ್ಲಿ ಕಷ್ಟ. ಅದಕ್ಕಾಗಿಯೇ ಮೆಕ್ಯಾನಿಕ್ ಕೈಯಲ್ಲಿ ಜೋಡಣೆ ಮಾಡಿಸಿ ರಸೀದಿ ಇಟ್ಟುಕೊಳ್ಳುವುದು ಲೇಸು.

ಒಪ್ಪದಿದ್ದರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದು ನ್ಯಾಯಾಲಯವಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ರಾಜಿಗೆ ದಾರಿ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಅಂಗಡಿ ಮತ್ತು ತಯಾರಕರು ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ, ರಸೀದಿ ಜೋಪಾನ ಮಾಡಿ.

ಮುಂದಿನದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಮೈಸೂರು, ಮಂಡ್ಯ ಎರಡೂ ಕಡೆ ಇದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಗಾಗಿ ಸೈಕಲ್ ಬೆಂಗಳೂರಿನಲ್ಲಿ ಕೊಂಡಿದ್ದರೂ ಮಂಡ್ಯದವರು ಅಲ್ಲಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಸಲ್ಲಿಸಬೇಕು. "ಮಾರಿದ ಸಾಮಾನು ಹಿಂಪಡೆಯುವುದಿಲ್ಲ" ಎಂದು ಬಿಲ್‌ನಲ್ಲಿ ಅಚ್ಚಾಗಿದ್ದರೆ ಹೆದರಬೇಡಿ. ಬಿಲ್‌ನಲ್ಲಿ ಅವಧಿ ನಮೂದಿಸಿಲ್ಲದಿದ್ದರೆ, ದೋಷವಿರುವ ವಸ್ತುವನ್ನು 30 ದಿನಗಳೊಳಗೆ ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಕೂಡ ಅನುಚಿತ ವ್ಯಾಪಾರ ಪದ್ಧತಿಯೇ.

ಅಗತ್ಯವೆನಿಸಿದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಕಾಗದದಲ್ಲಿ ಸುತ್ತಿಟ್ಟ ಆ ತುಂಡು ಆಗ ಬೇಕಾಗುತ್ತದೆ. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ 3 ತಿಂಗಳೊಳಗೆ, ಪರೀಕ್ಷೆ ಬೇಕಾದಲ್ಲಿ 5 ತಿಂಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ತಡವಾಗುವುದುಂಟು, ತಾಳ್ಮೆ ಬೇಕು.

ಬದಲಿ ಭಾಗ ಬಂದಾಗ ಅಂಗಡಿಯಲ್ಲೇ ನಿಂತು ನೋಡಿ. ಕ್ರ್ಯಾಂಕ್ ಆದರೆ ಉದ್ದ ಮಿಲಿಮೀಟರ್‌ನಲ್ಲಿ ಕೊರೆದಿರುತ್ತದೆ, ಹಳೆಯದಕ್ಕೆ ಹೊಂದಬೇಕು. ಬಲಕ್ಕೆ 170, ಎಡಕ್ಕೆ 175 ಬಂದರೆ ಒಪ್ಪಬೇಡಿ. ಹೊಸ ಭಾಗಕ್ಕೆ ವಾರಂಟಿ ಹೊಸದಾಗಿ ಶುರುವೋ, ಹಳೆಯ ಅವಧಿಯ ಉಳಿಕೆಯೋ ಎಂಬುದನ್ನು ಬರೆಸಿಕೊಳ್ಳಿ. ಕೂಲಿ ಹಣ ಕೇಳಿದರೆ ಕಾರ್ಡಿನಲ್ಲಿ ಹಾಗೆ ಇದೆಯೇ ಎಂದು ತೋರಿಸಲು ಹೇಳಿ. ಕೂರಿಸಿದ ಮೇಲೆ ಒಂದೆರಡು ಸಲ ಓಡಿಸಿ, ಬೋಲ್ಟನ್ನು ಅದೇ ಅಂಗಡಿಯಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಿ.