‘ಹಳೇ ಲೋನ್ ನಾವೇ ಕ್ಲೋಸ್ ಮಾಡ್ತೀವಿ ಸಾರ್’ ಅಂದವರು ಮಾಡದಿದ್ದರೆ...

ನಮ್ಮ ಭಾವ ಕಾರು ಬದಲಾಯಿಸಿದ ದಿನ ನಾನೂ ಶೋರೂಮಿನಲ್ಲಿದ್ದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಥರ್ಮಾಕೋಲಿನ ದೊಡ್ಡ ಕೀ ಹಿಡಿದು ಫೋಟೊಗೆ ನಿಲ್ಲಬೇಕು, ಅಷ್ಟರಲ್ಲಿ ಭಾವ ಕೇಳಿದರು: “ಹಳೇ ಗಾಡಿ ಮೇಲೆ ಇನ್ನೂ ಮೂರು ಲಕ್ಷ ಚಿಲ್ಲರೆ ಲೋನ್ ಇದೆಯಲ್ಲಪ್ಪಾ?” ಸೇಲ್ಸ್ ಹುಡುಗ ನಕ್ಕ. “ಅದು ನಮ್ಮ ತಲೆನೋವು ಸಾರ್. ಎಕ್ಸ್‌ಚೇಂಜ್ ದುಡ್ಡಲ್ಲಿ ನಾವೇ ಕ್ಲೋಸ್ ಮಾಡ್ತೀವಿ. ನೀವು ಸ್ವೀಟ್ ತಗೊಳ್ಳಿ.”

ಮುಂದಿನ ತಿಂಗಳು 5ನೇ ತಾರೀಕು ಬೆಳಿಗ್ಗೆ ಭಾವನ ಮೊಬೈಲಿಗೆ ಮೆಸೇಜ್ ಬಂತು. ಹಳೇ ಕಾರಿನ ಇಎಂಐ 11,250 ರೂಪಾಯಿ ಕಟ್ ಆಗಿತ್ತು. ಕಾರು ಹೋಗಿ ತಿಂಗಳಾಗುತ್ತಾ ಬಂದಿತ್ತು, ಲೋನ್ ಮಾತ್ರ ಹಾಗೇ ಕೂತಿತ್ತು.

ಅದಾದ ಮೇಲೆ ಇದೇ ಗೋಳು ಹೊತ್ತು ನಾಲ್ಕೈದು ಮಂದಿ ನನ್ನ ಹತ್ತಿರ ಬಂದಿದ್ದಾರೆ. ಎಲ್ಲರೂ ಜಗಳವನ್ನು ಫೋನಿನಲ್ಲೇ ಮಾಡಿ ಮುಗಿಸಿದ್ದರು. ಒಬ್ಬರ ಹತ್ತಿರವೂ ಒಂದು ಸಾಲು ಬರಹ ಇರಲಿಲ್ಲ.

1. ಇಎಂಐ ನಿಲ್ಲಿಸಬೇಡಿ

ಸಿಟ್ಟಿಗೆ ಬ್ಯಾಂಕಿಗೆ ಹೋಗಿ ಆಟೋ ಡೆಬಿಟ್ ಕ್ಯಾನ್ಸಲ್ ಮಾಡಿಸುವವರೇ ಜಾಸ್ತಿ. ತಪ್ಪು. ಸಾಲ ಇರುವುದು ನಿಮ್ಮ ಹೆಸರಿನಲ್ಲಿ. ಡೀಲರ್ ನಿಮಗೆ ಏನು ಮಾತು ಕೊಟ್ಟಿದ್ದಾನೆ ಅನ್ನೋದು ಬ್ಯಾಂಕಿಗೆ ಸಂಬಂಧವಿಲ್ಲ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಿಬಿಲ್ ಸ್ಕೋರ್ ಇಳಿಯುತ್ತದೆ. ಕಟ್ಟಿ, ಕಟ್ಟಿದ ಪ್ರತಿ ರೂಪಾಯಿಯನ್ನೂ ಡೀಲರ್ ಲೆಕ್ಕಕ್ಕೆ ಬರೆದಿಡಿ.

2. ಎಲ್ಲಿ ಸಿಕ್ಕಿಹಾಕಿಕೊಂಡಿದೆ ನೋಡಿ

ಬ್ಯಾಂಕಿನಿಂದ ಲೋನ್ ಸ್ಟೇಟ್‌ಮೆಂಟ್ ತೆಗೆಸಿ. ಡೀಲರ್ ಒಂದು ಪೈಸೆಯನ್ನೂ ಕಟ್ಟಿಲ್ಲದಿರಬಹುದು. ಇಲ್ಲವೇ ಕಟ್ಟಿಯೂ ಲೋನ್ ಮುಗಿಯದಿರಬಹುದು. ಭಾವನಿಗೆ ಆಗಿದ್ದು ಎರಡನೆಯದು.

ಇಷ್ಟು ಕಟ್ಟಿದರೆ ಲೋನ್ ಪೂರ್ತಿ ಮುಗಿಯುತ್ತದೆ ಎಂದು ಬ್ಯಾಂಕಿನವರು ಕೊಡುವ ಫೋರ್‌ಕ್ಲೋಶರ್ ಲೆಟರಿಗೆ ಒಂದು ಕೊನೆಯ ದಿನ ಇರುತ್ತದೆ. ಭಾವನ ಲೆಟರಿನಲ್ಲಿ 3,18,400 ರೂಪಾಯಿ, 10ನೇ ತಾರೀಕಿನವರೆಗೆ ಮಾತ್ರ ಎಂದಿತ್ತು. ಆಮೇಲೆ ದಿನಕ್ಕೆ 83 ರೂಪಾಯಿ ಬಡ್ಡಿ. ಶೋರೂಮಿನವರು ದುಡ್ಡು ಹಾಕಿದ್ದು 27ಕ್ಕೆ. ಹದಿನೇಳು ದಿನಕ್ಕೆ 1,411 ರೂಪಾಯಿ ಕಡಿಮೆ ಬಿತ್ತು. ಅಷ್ಟಕ್ಕೇ ಮೂರು ಲಕ್ಷದ ಲೋನ್ ಮುಚ್ಚದೆ ಉಳಿಯಿತು, ಹಾಕಿದ ದುಡ್ಡು ‘ಹೆಚ್ಚುವರಿ ಜಮಾ’ ಅಂತ ಖಾತೆಯಲ್ಲಿ ಸುಮ್ನೆ ಬಿದ್ದಿತ್ತು. ಶೋರೂಮಿನವರು “ಕಟ್ಟಿದ್ದೀವಲ್ಲ ಸಾರ್” ಅನ್ನುತ್ತಿದ್ದರು, ಬ್ಯಾಂಕಿನವರು “ಕ್ಲೋಸ್ ಆಗಿಲ್ಲ” ಅನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

3. ಬಾಯಿಮಾತನ್ನು ಬರಹಕ್ಕಿಳಿಸಿ

ಎಲ್ಲರೂ ಎಡವುವುದು ಇಲ್ಲಿ. “ಅವರು ಬಾಯಲ್ಲಿ ಹೇಳಿದ್ದು, ಪ್ರೂಫ್ ಎಲ್ಲಿದೆ?” ಎಂದು ಕೈಚೆಲ್ಲಿ ಕೂರುತ್ತಾರೆ. ಪ್ರೂಫ್ ಈಗಲೂ ಹುಟ್ಟಿಸಬಹುದು.

ಮೊದಲು ಹೊಸ ಕಾರಿನ ಬಿಲ್ ಮತ್ತು ಎಕ್ಸ್‌ಚೇಂಜ್ ಲೆಕ್ಕದ ಚೀಟಿ ಎದುರಿಗಿಟ್ಟುಕೊಳ್ಳಿ. ಭಾವನ ಹಳೇ ಕಾರಿಗೆ ಕಟ್ಟಿದ ಬೆಲೆ 4,10,000. ಹೊಸ ಕಾರಿನ ಬಿಲ್ಲಿನಲ್ಲಿ ಹಿಡಿದದ್ದು 91,600 ಮಾತ್ರ. ಉಳಿದ 3,18,400 ಎಲ್ಲಿ ಹೋಯಿತು? ಫೋರ್‌ಕ್ಲೋಶರ್ ಲೆಟರಿನಲ್ಲಿದ್ದ ಮೊತ್ತವೇ ಅದು. ಲೋನ್ ಕ್ಲೋಸ್ ಮಾಡುವ ಜವಾಬ್ದಾರಿ ಅವರು ಒಪ್ಪಿಕೊಂಡಿದ್ದರು ಅನ್ನುವುದಕ್ಕೆ ಅವರದೇ ಕಾಗದ ಸಾಕ್ಷಿ. ‘ಬಾಯಿಮಾತಿನ ಭರವಸೆಗೆ ನಾವು ಹೊಣೆಯಲ್ಲ’ ಎಂದು ಬುಕಿಂಗ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದರೂ ಹೆದರಬೇಡಿ, ಈ ಲೆಕ್ಕ ಬಾಯಿಮಾತಲ್ಲ.

ಆಮೇಲೆ ಸೇಲ್ಸ್ ಹುಡುಗನಿಗೆ ವಾಟ್ಸಾಪ್ ಮಾಡಿ. ಬೈಯಬೇಡಿ. ಬೈದರೆ ಉತ್ತರ ಬರುವುದಿಲ್ಲ, ನಮಗೆ ಬೇಕಾಗಿರುವುದೇ ಉತ್ತರ. ಭಾವ ಕಳಿಸಿದ್ದು ಇಷ್ಟು: “ನಮಸ್ಕಾರ. 8ನೇ ತಾರೀಕು ಡೆಲಿವರಿ ದಿನ, ಹಳೇ ಕಾರಿನ ಬೆಲೆಯಲ್ಲಿ 3,18,400 ಬ್ಯಾಂಕಿಗೆ ಕಟ್ಟಿ ಲೋನ್ ಮುಗಿಸುತ್ತೇವೆ ಎಂದು ನೀವು ಹೇಳಿದ್ದಿರಿ. ಲೋನ್ ಇನ್ನೂ ಮುಗಿದಿಲ್ಲ. ಯಾವ ದಿನ ಮುಗಿಯುತ್ತದೆ ತಿಳಿಸಿ.” ಅರ್ಧ ಗಂಟೆಯಲ್ಲಿ ಉತ್ತರ ಬಂತು: “ಸಾರ್ ಅಕೌಂಟ್ಸ್‌ಗೆ ಹೇಳಿದೀನಿ, ಈ ವಾರ ಮಾಡಿಸ್ತೀನಿ.” ಆ ಒಂದು ಸಾಲಿನಲ್ಲಿ ಅವನು ಮಾತು ಕೊಟ್ಟಿದ್ದನ್ನೂ ಒಪ್ಪಿಕೊಂಡ, ಕೆಲಸ ಆಗಿಲ್ಲ ಅನ್ನುವುದನ್ನೂ ಒಪ್ಪಿಕೊಂಡ.

ಆ ಚಾಟನ್ನು ಅವತ್ತೇ ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಆ ಹುಡುಗ ಮುಂದಿನ ತಿಂಗಳು ಇನ್ನೊಂದು ಶೋರೂಮಿನಲ್ಲಿರುತ್ತಾನೆ. ಅದಕ್ಕೇ ಮಾರನೇ ದಿನ ಅದೇ ವಿಷಯವನ್ನು ಶೋರೂಮಿನ ಜನರಲ್ ಮ್ಯಾನೇಜರಿಗೆ ಇಮೇಲ್ ಮಾಡಿ. ಕಾರು ತಯಾರಿಸುವ ಕಂಪನಿಯ ಕಸ್ಟಮರ್ ಕೇರ್ ವಿಳಾಸವನ್ನೂ ಕಾಪಿಯಲ್ಲಿ ಹಾಕಿ. ಮೇಲಿನವರು ನೋಡುತ್ತಿದ್ದಾರೆ ಅಂದರೆ ಕೆಲಸ ಬೇಗ ನಡೆಯುತ್ತದೆ, ಅಲ್ವಾ?

ಒಂದು ಎಚ್ಚರಿಕೆ. ಈ ಹಂತದಲ್ಲಿ “ಸಾರ್, ಸೀಟ್ ಕವರ್ ಫ್ರೀ ಹಾಕಿಸ್ಕೊಡ್ತೀವಿ” ಎಂದು ಕರೆಯುತ್ತಾರೆ. ಹೋದರೆ ‘ನನ್ನ ಯಾವುದೇ ದೂರು ಬಾಕಿ ಇಲ್ಲ’ ಎಂಬ ಹಾಳೆಗೆ ಸಹಿ ಕೇಳುತ್ತಾರೆ. ಹೋಗಲೇಬೇಡಿ.

4. ನೋಟಿಸ್

ಹದಿನೈದು ದಿನದ ಗಡುವು ಕೊಟ್ಟು ಒಂದೇ ಪುಟದ ಕಾಗದ ಬರೆಯಿರಿ. ಲೋನ್ ಮುಗಿಸಲು ಬಾಕಿ ಇರುವ ಮೊತ್ತ, ಆಮೇಲೆ ನೀವು ಕಟ್ಟಿದ ಇಎಂಐ, ಇಷ್ಟನ್ನು ಕೇಳಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ರೆಡಿಮೇಡ್ ನೋಟಿಸ್ ನನಗಂತೂ ಬೇಡ. ಒಬ್ಬರದ್ದು ನೋಡಿದ್ದೆ, ಕಾರಿನ ನಂಬರೇ ತಪ್ಪಿತ್ತು, ಮೇಲೆ 25 ಲಕ್ಷ ಪರಿಹಾರ ಬೇರೆ ಕೇಳಿದ್ದರು. ಓದಿದವರು ನಕ್ಕಿರುತ್ತಾರೆ. ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರೊಳಗೇ ಸೇರಿಹೋಗಿದೆ. ರಸೀದಿ ಮತ್ತು ತಲುಪಿದ ವಿವರದ ಪ್ರಿಂಟ್ ಎತ್ತಿಡಿ.

5. ದೂರು

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಖರ್ಚಿಲ್ಲ. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸುತ್ತಾರೆ. ಎಷ್ಟೋ ಜಗಳ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಇರುವ ಊರಿನಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕಾರು ಕೊಂಡ ಹಾಸನದವರು ಹಾಸನದಲ್ಲೇ ಹಾಕಬಹುದು. ಕೊಂಡದ್ದಕ್ಕೆ ಕೊಟ್ಟ ಬೆಲೆ 50 ಲಕ್ಷ ದಾಟಬಾರದು ಅಷ್ಟೆ. ಶುಲ್ಕವೂ ಆ ಬೆಲೆಯ ಮೇಲೆಯೇ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ. ಸಮಸ್ಯೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಬೇಕೇಬೇಕು ಅಂತಿಲ್ಲ. ಎದುರು ಪಾರ್ಟಿ ಉತ್ತರ ಕೊಡಲು ಹೆಚ್ಚೆಂದರೆ 45 ದಿನ. ತೀರ್ಪು ಮಾತ್ರ ಅಷ್ಟು ಬೇಗ ಬರುತ್ತದೆ ಎಂದುಕೊಳ್ಳಬೇಡಿ.

ಡೀಲರ್ ಪೂರ್ತಿ ಕಟ್ಟಿಯೂ ಬ್ಯಾಂಕೇ ಎನ್‌ಒಸಿ (ಸಾಲ ಬಾಕಿ ಇಲ್ಲ ಎಂಬ ಪತ್ರ) ಕೊಡದೆ ಸತಾಯಿಸಿದರೆ ದಾರಿ ಬೇರೆ. ಬ್ಯಾಂಕಿಗೆ ಬರೆದು 30 ದಿನ ಕಾಯಿರಿ, ಆಮೇಲೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಿ.

6. ಆರ್‌ಸಿ ಮರೆಯಬೇಡಿ

ಲೋನ್ ಗಲಾಟೆಯಲ್ಲಿ ಎಲ್ಲರೂ ಮರೆಯುವ ವಿಷಯ ಇದು. ಹಳೇ ಕಾರಿನ ಆರ್‌ಸಿ ನಿಮ್ಮ ಹೆಸರಿನಲ್ಲೇ ಇದ್ದು ಆ ಗಾಡಿ ಅಪಘಾತ ಮಾಡಿದರೆ, ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಡೀಲರ್ ಸಾರಿಗೆ ಇಲಾಖೆಯ ಅಧಿಕೃತ ಹಳೇ ವಾಹನ ಮಾರಾಟಗಾರನಾಗಿದ್ದರೆ, ಗಾಡಿ ಒಪ್ಪಿಸಿದ್ದಕ್ಕೆ ಫಾರ್ಮ್ 29ಸಿ ಸಲ್ಲಿಸಿದ್ದಾರಾ ಕೇಳಿ, ಪ್ರತಿ ಇಸಿದುಕೊಳ್ಳಿ. ಈ ನಿಯಮ 2023ರ ಏಪ್ರಿಲ್‌ನಿಂದ ಇದೆ.

ಭಾವನ ಕೇಸು ಆಯೋಗದವರೆಗೆ ಹೋಗಲಿಲ್ಲ. ನೋಟಿಸ್ ತಲುಪಿದ ಒಂಬತ್ತನೇ ದಿನ ಶೋರೂಮಿನವರು ಬಾಕಿ ತುಂಬಿದರು, ಕಟ್ ಆಗಿದ್ದ 11,250 ರೂಪಾಯಿಯನ್ನೂ ವಾಪಸ್ ಹಾಕಿದರು. ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಬೇಕಾದ ಫಾರ್ಮ್ 35 ಮನೆಗೆ ಬಂದವು. ಹಳೇ ಕಾರಿನ ಆರ್‌ಸಿ ಬದಲಾಯಿಸಲು ಶೋರೂಮಿನವರಿಗೆ ಇವು ಬೇಕು. ಅವನ್ನು ಭಾವ ಆ ಹುಡುಗನ ಕೈಗೆ ಕೊಡಲಿಲ್ಲ. ಜೆರಾಕ್ಸ್ ಮಾಡಿಸಿಕೊಂಡು, ಮೂಲಪ್ರತಿಗಳನ್ನು ಮ್ಯಾನೇಜರಿಗೇ ಕೊಟ್ಟು, ಜೆರಾಕ್ಸ್ ಮೇಲೆ ಸಹಿ, ಸೀಲು, ತಾರೀಕು ಹಾಕಿಸಿಕೊಂಡು ಬಂದರು. ಮೂರು ತಿಂಗಳು ಬಿಟ್ಟು ಸಿಬಿಲ್ ರಿಪೋರ್ಟ್ ತೆಗೆದು ನೋಡಿದೆವು. ಹಳೇ ಲೋನಿನ ಮುಂದೆ ‘ಕ್ಲೋಸ್ಡ್’ ಎಂದಿತ್ತು.