ಹಾರುವ ಮೊದಲು ನೆಲದ ಪಾಠ: ಪ್ಯಾರಾಗ್ಲೈಡರ್ ರೆಕ್ಕೆಯನ್ನು ಎಬ್ಬಿಸಿ ನಿಲ್ಲಿಸುವುದು ಹೇಗೆ?

ನವಲಗುಂದದ ಕಡೆಯ ಬಯಲು ಹೊಲವೊಂದರಲ್ಲಿ ಚಳಿಗಾಲದ ಭಾನುವಾರಗಳಂದು ಪ್ಯಾರಾಗ್ಲೈಡಿಂಗ್ ಕಲಿಯಲು ಬರುವ ಹೊಸಬರನ್ನು ಗಮನಿಸುತ್ತ ಬಂದಿದ್ದೇನೆ. ತಪ್ಪು ಬಹುತೇಕ ಒಂದೇ ಆಗಿರುತ್ತದೆ. ಪ್ಯಾರಾಗ್ಲೈಡರಿನ ಬಟ್ಟೆಯ ರೆಕ್ಕೆಯನ್ನು ತೋಳ್ಬಲದಿಂದ ಎತ್ತಲು ಹೋಗುತ್ತಾರೆ, ಅದು ಮೇಲೇರಿದ ಕೂಡಲೇ ಹೆದರಿ ಎರಡೂ ಬ್ರೇಕುಗಳನ್ನು, ಅಂದರೆ ರೆಕ್ಕೆಯ ಹಿಂದಿನ ಅಂಚನ್ನು ಕೆಳಗೆಳೆಯುವ ಹಿಡಿಕೆಗಳನ್ನು, ಜಗ್ಗುತ್ತಾರೆ, ಮರುಕ್ಷಣ ಹೆಂಟೆಗಳ ಮೇಲೆ ದರದರನೆ ಎಳೆಸಿಕೊಂಡು ಹೋಗುತ್ತಾರೆ. ರೆಕ್ಕೆಯನ್ನು ನೆಲದ ಮೇಲೆ ನಿಂತೇ ಪಳಗಿಸುವ ಈ ಅಭ್ಯಾಸಕ್ಕೆ ಹಾರಾಟಗಾರರು ‘ಗ್ರೌಂಡ್ ಹ್ಯಾಂಡ್ಲಿಂಗ್’ ಎನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದವರಿಗೆ ಹಾರಾಟ ಕಲಿಸುವ ಬೆಟ್ಟಗಳು ದೂರ. ಪುಣೆ ದಾಟಿ ಕಾಮ್‌ಶೇತ್‌ಗೆ ಹೋಗಬೇಕು, ಇಲ್ಲವೇ ಹಿಮಾಚಲದ ಬೀರ್-ಬಿಲ್ಲಿಂಗ್‌ಗೆ. ಆದರೆ ಬಯಲು ಮತ್ತು ಗಾಳಿ ಎರಡೂ ನಮ್ಮಲ್ಲಿ ಬೇಕಾದಷ್ಟಿವೆ. ಶಿಬಿರಕ್ಕೆ ಹೋಗಿ ಬಂದವರು ಮುಂದಿನ ಶಿಬಿರದವರೆಗೆ ರೆಕ್ಕೆಯನ್ನು ಅಟ್ಟದ ಮೇಲಿಡುವ ಬದಲು ವಾರಕ್ಕೊಮ್ಮೆ ಹೊಲಕ್ಕೆ ಒಯ್ಯಲಿ ಎಂಬುದು ನನ್ನ ಆಗ್ರಹ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ವಿವರಿಸುತ್ತಿರುವುದು ಕಾಲು ನೆಲದಲ್ಲೇ ಇರುವ ಅಭ್ಯಾಸ ಮಾತ್ರ. ಇದನ್ನು ಓದಿಕೊಂಡು ಯಾರೂ ಗುಡ್ಡದ ಅಂಚಿಗೆ ಹೋಗಬಾರದು. ಮೊದಲ ಕೆಲವು ದಿನಗಳ ನೆಲದ ಅಭ್ಯಾಸಕ್ಕೂ ತರಬೇತುದಾರರು ಪಕ್ಕದಲ್ಲಿರಲೇಬೇಕು.

ಸಾಮಗ್ರಿಯಿಂದ ಆರಂಭಿಸೋಣ. ರೆಕ್ಕೆ, ಹಾರ್ನೆಸ್ (ಮೈಗೆ ಬಿಗಿದುಕೊಳ್ಳುವ ಪಟ್ಟಿಗಳ ಆಸನ), ಹೆಲ್ಮೆಟ್, ಕೈಗವಸು, ಕಣಕಾಲು ಮುಚ್ಚುವ ಬೂಟು, ಇಷ್ಟು ಸಾಕು. ಬೂಟಿಗೆ ಲೇಸು ಸಿಕ್ಕಿಸುವ ಲೋಹದ ಕೊಕ್ಕೆಗಳಿರಬಾರದು, ಏಕೆಂದರೆ ರೆಕ್ಕೆಯ ತೆಳ್ಳನೆಯ ಹಗ್ಗಗಳು, ಅಂದರೆ ಲೈನುಗಳು, ಅವಕ್ಕೇ ಹೋಗಿ ಸಿಕ್ಕಿಕೊಳ್ಳುತ್ತವೆ. ಕೊಕ್ಕೆಯಿರುವ ಬೂಟೇ ಇದ್ದರೆ ಅದರ ಮೇಲೆ ಟೇಪು ಸುತ್ತಿ. ಬೈಕಿನ ಅರ್ಧ ಹೆಲ್ಮೆಟ್ ಧರಿಸಿ ಬರುವವರನ್ನು ನಾನು ಹೊಲದೊಳಗೆ ಬಿಡುವುದಿಲ್ಲ. ಗಾಳಿಯಾಟಗಳಿಗೆಂದೇ ಇಎನ್ 966 ಎಂಬ ಯುರೋಪಿಯನ್ ಮಾನದಂಡದ ಹೆಲ್ಮೆಟ್‌ಗಳಿವೆ, ಅದನ್ನೇ ಕೊಳ್ಳಿ. ಕೈಗವಸಿನ ವಿಷಯದಲ್ಲಿ ನನ್ನದೇ ಅನುಭವವಿದೆ. ‘ಐದೇ ನಿಮಿಷ’ ಎಂದು ಬರಿಗೈಯಲ್ಲಿ ರೈಸರ್ (ಲೈನುಗಳನ್ನು ಹಾರ್ನೆಸ್ಸಿಗೆ ಜೋಡಿಸುವ ಪಟ್ಟಿ) ಹಿಡಿದ ಒಂದು ಸಂಜೆ ಲೈನುಗಳು ಅಂಗೈಯನ್ನು ಕೊಯ್ದವು, ಹದಿನೈದು ದಿನ ರೊಟ್ಟಿ ಮುರಿಯಲೂ ಎಡಗೈಯೇ ಬೇಕಾಯಿತು.

ರೆಕ್ಕೆಯನ್ನು ಕೊಳ್ಳುವವರು ಕಲಿಕೆಯವರಿಗಾಗಿಯೇ ಇರುವ ಇಎನ್-ಎ ದರ್ಜೆಯದನ್ನು ಆರಿಸಬೇಕು. ಹಳೆಯ ರೆಕ್ಕೆ ಅಗ್ಗಕ್ಕೆ ಸಿಕ್ಕಿತೆಂದು ತಂದವರಲ್ಲಿ ಹೆಚ್ಚಿನವರು ಮೋಸಹೋದವರೇ. ನೈಲಾನ್ ಬಟ್ಟೆ ಬಿಸಿಲಿಗೆ ಸೊರಗಿ, ಸೋಸುವ ಬಟ್ಟೆಯಂತೆ ಗಾಳಿ ಬಿಡತೊಡಗಿದ್ದರೂ ಬಣ್ಣ ನೋಡಿ ಅದು ತಿಳಿಯುವುದಿಲ್ಲ. ಬಟ್ಟೆಯಲ್ಲಿ ಗಾಳಿ ಎಷ್ಟು ಸೋರುತ್ತದೆ, ಲೈನು ಎಷ್ಟು ಭಾರ ತಡೆಯುತ್ತದೆ ಎಂಬ ಪರೀಕ್ಷೆಯ ಚೀಟಿ ಇಲ್ಲದ ರೆಕ್ಕೆಗೆ ದುಡ್ಡು ಕೊಡಬೇಡಿ. ಹ್ಯಾಂಗ್ ಗ್ಲೈಡರ್‌ನ ಆಸೆ ಇರುವವರು ಆಗಾಗ ನನ್ನನ್ನು ಕೇಳುತ್ತಾರೆ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿನ ಆ ಯಂತ್ರ ಮಡಚಿದಾಗಲೂ ಒಂದು ಉದ್ದನೆಯ ಬೊಂಬಿನಷ್ಟು ಇರುತ್ತದೆ, ಅದನ್ನು ಸಾಗಿಸಲು ವಾಹನವೇ ಬೇಕು. ಪ್ಯಾರಾಗ್ಲೈಡರ್ ಆದರೆ ಎಲ್ಲ ಸೇರಿ ಬೆನ್ನಿಗೇರುವ ಒಂದು ಚೀಲ, ಬಸ್ಸಿನಲ್ಲಿ ಕಾಲ ಬುಡದಲ್ಲಿಟ್ಟುಕೊಂಡು ಹೋಗಬಹುದು.

ಜಾಗದ ಆಯ್ಕೆಯಲ್ಲಿ ಒಂದೇ ಲೆಕ್ಕ ನೆನಪಿಡಿ. ಗಾಳಿ ಬರುವ ದಿಕ್ಕಿನಲ್ಲಿ ಮರ ಅಥವಾ ಕಟ್ಟಡ ಇದ್ದರೆ ಅದರ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ಕದಡಿರುತ್ತದೆ. 10 ಮೀಟರ್ ಎತ್ತರದ ಬೇವಿನ ಮರದಿಂದ ಕನಿಷ್ಠ 100 ಮೀಟರ್ ದೂರ ನಿಲ್ಲಬೇಕು. ಈ ಲೆಕ್ಕದಲ್ಲಿ ಹುಬ್ಬಳ್ಳಿಯ ನೆಹರೂ ಮೈದಾನ ಪರೀಕ್ಷೆಯಲ್ಲಿ ನಪಾಸಾಗುತ್ತದೆ, ಸುತ್ತ ಕಟ್ಟಡಗಳೇ. ಗೋಕುಲ ರಸ್ತೆಯ ಕಡೆ ವಿಮಾನ ನಿಲ್ದಾಣವಿರುವುದರಿಂದ ಆ ಸುತ್ತಮುತ್ತಲ ಬಯಲುಗಳ ಯೋಚನೆಯನ್ನೇ ಬಿಡಿ. ಗದಗದವರ ಕಣ್ಣು ಸಹಜವಾಗಿಯೇ ಕಪ್ಪತಗುಡ್ಡದ ಮೇಲೆ ಬೀಳುತ್ತದೆ, ಆದರೆ ಅದು ವನ್ಯಜೀವಿ ಧಾಮ. ಉಳಿಯುವುದು ಕೊಯ್ಲು ಮುಗಿದ ಹೊಲ ಅಥವಾ ಊರಿನ ಗೋಮಾಳ. ಹೊಲದ ಯಜಮಾನರನ್ನು ಕೇಳಿಯೇ ಇಳಿಯಿರಿ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚೂಪಾಗಿ ನಿಂತಿರುತ್ತದೆ, ರೆಕ್ಕೆಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಹರಗಿ ಸಮ ಮಾಡಿದ ಹೊಲವೇ ಆಗಬೇಕು. ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಇವೆಯೇ ಎಂದು ಒಮ್ಮೆ ಅಡ್ಡಾಡಿ ನೋಡಿ. ಪಂಪ್‌ಸೆಟ್ಟಿನ ತಂತಿ ಹಾದುಹೋಗುವ ಹೊಲಕ್ಕೆ, ಅದು ಎಷ್ಟೇ ಚಂದವಿದ್ದರೂ, ಕಾಲಿಡಬೇಡಿ.

ಇನ್ನು ಗಾಳಿ. ಗಂಟೆಗೆ 10ರಿಂದ 18 ಕಿಲೋಮೀಟರ್ ವೇಗದ, ಒಂದೇ ಸಮನೆ ಬೀಸುವ ಗಾಳಿ ಕಲಿಕೆಗೆ ಹಿತ. ಎಲೆಗಳೂ ಸಣ್ಣ ಕಡ್ಡಿಗಳೂ ಬಿಡದೆ ಅಲುಗುತ್ತಿದ್ದರೆ ಸರಿ. ನೆಲದ ಧೂಳು, ಕಾಗದದ ಚೂರು ಏಳುತ್ತಿದ್ದರೆ ಗಾಳಿ 20 ದಾಟಿದೆ, ಚೀಲ ಬಿಚ್ಚಬೇಡಿ. ವೇಗ ಎರಡು ಪಟ್ಟಾದರೆ ರೆಕ್ಕೆಯ ಎಳೆತ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಹೊಸಬರು ನಂಬುವುದೇ ಇಲ್ಲ. ಅಳೆಯಲು ಕೈಯಲ್ಲಿ ಹಿಡಿಯುವ ಗಾಳಿಮಾಪಕ ಸಿಗುತ್ತದೆ, ಆದರೆ ನಾನು ಅದಕ್ಕಿಂತ ಕಣದಲ್ಲಿ ರಾಶಿ ಮಾಡಿದವರ ಮಾತನ್ನು ನಂಬುತ್ತೇನೆ. ಒಮ್ಮೆ ನಾವು ಚೀಲ ಇಳಿಸುತ್ತಿದ್ದಾಗ ಹೊಲದ ಹಿರಿಯರೊಬ್ಬರು ಕೈಯೆತ್ತಿ ತಡೆದು, “ತಮ್ಮಾ, ಈ ಗಾಳ್ಯಾಗ ರಾಶಿ ತೂರಿದ್ರ ಹೊಟ್ಟಿನ ಜೋಡಿ ಕಾಳೂ ಹೋಗ್ತಾವ, ನಿಮ್ಮ ಅರಿವಿ ಉಳೀತದೇನು?” ಎಂದರು. ಕಾಳು ಕಾಲ ಬುಡದಲ್ಲೇ ಬಿದ್ದು ಹೊಟ್ಟು ಮಾತ್ರ ದೂರ ಸರಿಯುವ ಗಾಳಿ ರೆಕ್ಕೆಗೂ ಸರಿಯಾದ ಗಾಳಿ.

ಮುಂಗಾರಿನ ತಿಂಗಳುಗಳಲ್ಲಿ, ವಿಶೇಷವಾಗಿ ಆಷಾಢದಲ್ಲಿ, ಗದಗ ಸೀಮೆಯ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿ ಹೊಸಬರಿಗಲ್ಲ. ಮಾರ್ಚ್-ಏಪ್ರಿಲ್ ಮಧ್ಯಾಹ್ನಗಳಂತೂ ಅಪಾಯಕಾರಿ: ಕಾದ ಎರೆಭೂಮಿಯಿಂದ ಬಿಸಿಗಾಳಿ ಎದ್ದು ಸುಳಿಗಾಳಿ ಹುಟ್ಟುತ್ತದೆ, ಅದು ಬಿಚ್ಚಿ ಹಾಸಿದ ರೆಕ್ಕೆಯನ್ನು ಮನುಷ್ಯನ ಸಮೇತ ಎತ್ತಬಲ್ಲದು. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗಿನ ಒಂಬತ್ತರೊಳಗೆ, ಇಲ್ಲವೇ ಸಂಜೆ ಐದರ ಅನಂತರ ಅಭ್ಯಾಸ ಮಾಡಿ.

ರೆಕ್ಕೆಯನ್ನು ಹಾಸುವುದು ಸುಲಭ. ಗಾಳಿಗೆ ಬೆನ್ನಾಗಿ ನಿಂತಾಗ ರೆಕ್ಕೆ ನಿಮ್ಮೆದುರು ಅಂಗಾತ ಬಿದ್ದಿರಬೇಕು, ಗಾಳಿ ತುಂಬಿಕೊಳ್ಳುವ ಕೋಶಗಳ ತೆರೆದ ಬಾಯಿ ನಿಮ್ಮಿಂದ ದೂರದ ಅಂಚಿನಲ್ಲಿ ಮೇಲಕ್ಕೆ ಕಾಣಬೇಕು, ಹಿಂದಿನ ಅಂಚು ನಿಮ್ಮ ಕಡೆಗಿರಬೇಕು. ಲೈನುಗಳನ್ನು ಬಿಡಿಸಿ, ಹಾರ್ನೆಸ್‌ನ ಕಾಲುಪಟ್ಟಿಗಳನ್ನು ಮೊದಲು ಬಿಗಿದು, ಆಮೇಲೆ ಎದೆಪಟ್ಟಿ ಹಾಕಿ. ಈ ಕ್ರಮವನ್ನು ಎಂದೂ ಅದಲುಬದಲು ಮಾಡಬೇಡಿ. ಎದೆಪಟ್ಟಿ ಹಾಕಿದವನು ಎಲ್ಲ ಮುಗಿಯಿತೆಂದು ಭಾವಿಸಿ ಕಾಲುಪಟ್ಟಿ ಮರೆಯುತ್ತಾನೆ.

ಈಗ ಎಲ್ಲರೂ ಎಡವುವ ಹಂತ. ಮೊದಲು ಮುಂದಕ್ಕೆ, ಅಂದರೆ ಗಾಳಿಗೆ ಮುಖಮಾಡಿ ನಿಂತಂತೆ ರೈಸರ್‌ಗಳನ್ನು ಹಾರ್ನೆಸ್ಸಿನ ಕ್ಯಾರಬೀನರ್ ಎಂಬ ಕೊಂಡಿ‌ಗಳಿಗೆ ಸಿಕ್ಕಿಸಿ, ಆಯಾ ಕೈಯಲ್ಲಿ ಆಯಾ ಬದಿಯ ಬ್ರೇಕನ್ನು ಹಿಡಿಯಿರಿ. ಬಳಿಕ ಎಡ ರೈಸರ್‌ಗಳ ಕಟ್ಟನ್ನು ತಲೆಯ ಮೇಲಿಂದ ದಾಟಿಸುತ್ತ ಬಲಕ್ಕೆ ತಿರುಗಿ ರೆಕ್ಕೆಗೆ ಮುಖ ಮಾಡಿ. ಎದುರಿಗೆ ರೈಸರ್‌ಗಳು ಕತ್ತರಿಯಾಕಾರದಲ್ಲಿ ಅಡ್ಡಹಾಯ್ದು, ಎಡಗಡೆಯದು ಮೇಲಿರುತ್ತದೆ. ಮುಂದೆ ಗಾಳಿಗೆ ತಿರುಗುವಾಗ ಎಡಕ್ಕೇ ತಿರುಗಬೇಕು. ಬಲ ಎಡದ ಆಯ್ಕೆ ನಿಮ್ಮದು, ಆದರೆ ಒಮ್ಮೆ ಆರಿಸಿದ ಬದಿಯನ್ನು ಜೀವಮಾನವಿಡೀ ಬದಲಿಸಬೇಡಿ. ಒಂದು ದಿನ ಹೀಗೆ, ಒಂದು ದಿನ ಹಾಗೆ ಮಾಡಿದವರು ಅವಸರದಲ್ಲಿ ತಪ್ಪು ಕಡೆ ತಿರುಗಿ ಹಗ್ಗಕ್ಕೆ ಹುರಿ ಹಾಕಿಕೊಂಡದ್ದನ್ನು ಕಂಡಿದ್ದೇನೆ.

ಪೂರ್ತಿ ಎತ್ತುವ ಮೊದಲು ರೆಕ್ಕೆಯನ್ನು ಗೋಡೆಯಂತೆ ನಿಲ್ಲಿಸಿ. ಎರಡು ಹೆಜ್ಜೆ ಹಿಂದೆ ಸರಿದು, ಎ ರೈಸರ್‌ಗಳನ್ನು, ಅಂದರೆ ರೆಕ್ಕೆಯ ಮುಂದಿನ ಅಂಚಿಗೆ ಹೋಗುವ ಲೈನುಗಳನ್ನು ಕಟ್ಟಿರುವ ಪಟ್ಟಿಗಳನ್ನು, ಬೆರಳಿನಿಂದ ಕೊಂಚ ಮೇಲೆತ್ತಿದರೆ ಕೋಶಗಳಿಗೆ ಗಾಳಿ ತುಂಬಿ ಅಂಚು ಮೊಣಕಾಲೆತ್ತರಕ್ಕೆ ಏಳುತ್ತದೆ. ಆಗ ಬ್ರೇಕು ಎಳೆದು ಅಲ್ಲೇ ಹಿಡಿಯಿರಿ. ಲೈನಿನಲ್ಲಿ ಗಂಟಿದೆಯೇ, ಕಡ್ಡಿ ಸಿಕ್ಕಿದೆಯೇ ಎಂಬುದು ಈ ಗೋಡೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹತ್ತು ಸಲ ಗೋಡೆ ಕಟ್ಟಿ ಹತ್ತು ಸಲ ಮಲಗಿಸಿ. ಇದನ್ನು ಬೇಸರದ ಕೆಲಸವೆಂದು ಹಾರಿಸಿ ಹೋಗುವವರೇ ಮುಂದೆ ಎಳೆಸಿಕೊಳ್ಳುವವರು.

ಎತ್ತುವಾಗ ಕೈಯ ಕೆಲಸ ಅತ್ಯಲ್ಪ. ಸೊಂಟವನ್ನು ಕೊಂಚ ಕೆಳಗಿಳಿಸಿ, ಬೆನ್ನ ಹಿಂದೆ ಮಣೆಯೊಂದಿದೆ, ಅದರ ಮೇಲೆ ಕುಳಿತುಕೊಳ್ಳುತ್ತಿದ್ದೇನೆ ಎಂಬಂತೆ ಭಾರವನ್ನು ಹಾರ್ನೆಸ್ಸಿಗೆ ಬಿಟ್ಟು ಹಿಂದೆ ಹೆಜ್ಜೆ ಹಾಕಿ. ಆ ಭಾರವೇ ರೆಕ್ಕೆಯನ್ನು ಎಬ್ಬಿಸುತ್ತದೆ. ಎ ರೈಸರ್‌ಗಳು ತೆರೆದ ಬೆರಳುಗಳ ಮೇಲೆ ಕೂತಿರಲಿ, ಮುಷ್ಟಿಯೊಳಗಲ್ಲ. ಮುಷ್ಟಿ ಕಟ್ಟಿದವನು ಜಗ್ಗದೆ ಇರಲಾರ, ಜಗ್ಗಿದರೆ ಮುಂದಿನ ಅಂಚು ಮಡಚಿಕೊಂಡು ರೆಕ್ಕೆ ಮುಖದ ಮೇಲೆಯೇ ಬೀಳುತ್ತದೆ. ರೆಕ್ಕೆ ಮುಕ್ಕಾಲು ದಾರಿ ಏರಿದಾಗ ಎ ರೈಸರ್‌ಗಳನ್ನು ಬಿಟ್ಟುಬಿಡಿ, ನೆತ್ತಿಯ ಮೇಲೆ ಬರುತ್ತಿದ್ದಂತೆ ಎರಡೂ ಬ್ರೇಕನ್ನು ಅಂಗೈಯಗಲ ಎಳೆದು ತಡೆದು, ತಡೆದ ತಕ್ಷಣ ಸಡಿಲಿಸಿ. ಎಳೆದು ಹಿಡಿದೇ ಇದ್ದರೆ ರೆಕ್ಕೆ ಹಿಂದಕ್ಕೆ ಬೀಳುತ್ತದೆ, ಎಳೆಯದೇ ಇದ್ದರೆ ತಲೆ ದಾಟಿ ಮುಂದೆ ಹೋಗಿ ಕುಸಿಯುತ್ತದೆ. ಮೊದಲ ವಾರ ಎರಡೂ ಆಗುತ್ತವೆ.

ರೆಕ್ಕೆ ನಿಂತ ಮೇಲೆ ಅದು ಒಂದು ಬದಿಗೆ ವಾಲಿಯೇ ವಾಲುತ್ತದೆ. ಇಲ್ಲಿ ಬುದ್ಧಿ ಕೈಕೊಡುತ್ತದೆ, ಏಕೆಂದರೆ ರೈಸರ್‌ಗಳು ಅಡ್ಡಹಾಯ್ದಿರುವುದರಿಂದ ನಿಮ್ಮ ಬಲಗೈಯ ಬ್ರೇಕು ನಿಮಗೆ ಎಡಕ್ಕೆ ಕಾಣುವ ಅರ್ಧವನ್ನು ಹಿಡಿದಿರುತ್ತದೆ. ನಾನು ಹೇಳಿಕೊಡುವ ಸೂತ್ರ ಇಷ್ಟೇ: ರೆಕ್ಕೆ ಬಲಕ್ಕೆ ಬಿದ್ದರೆ ಕಾಲನ್ನು ಬಲಕ್ಕೆ ಹಾಕಿ, ಬಲಗೈಯನ್ನೇ ಮೆಲ್ಲಗೆ ಎಳೆಯಿರಿ, ಎಡಕ್ಕೆ ಬಿದ್ದರೆ ಎಡಗಾಲು, ಎಡಗೈ. ಕಾಲು ಮೊದಲು, ಕೈ ಆಮೇಲೆ. ರೆಕ್ಕೆ ಬೀಳುವ ಕಡೆಗೆ ನೀವೇ ಓಡಿ ಅದರ ಅಡಿಯಲ್ಲಿ ನಿಂತರೆ ಬ್ರೇಕು ಬೇಕಾಗುವುದೇ ಇಲ್ಲ. ಬ್ರೇಕನ್ನು ಪೂರ್ತಿ ಬಿಟ್ಟು, ಬರೀ ಕಾಲಿನಿಂದ ರೆಕ್ಕೆಯನ್ನು ಒಂದು ನಿಮಿಷ ನಿಲ್ಲಿಸಬಲ್ಲವರನ್ನು ಮಾತ್ರ ನಾನು ಮುಂದಿನ ಪಾಠಕ್ಕೆ ಕರೆಯುತ್ತೇನೆ.

ಜೋರು ಗಾಳಿಯ ಹೊಡೆತ ಬಂದಾಗ ಏನು ಮಾಡಬೇಕೆಂಬುದನ್ನು ರೆಕ್ಕೆ ಎತ್ತುವುದಕ್ಕಿಂತ ಮೊದಲೇ ಕಲಿಯಬೇಕು. ಬ್ರೇಕು ಎಳೆದರೆ ರೆಕ್ಕೆಯ ಎತ್ತುವ ಬಲ ಹೆಚ್ಚುತ್ತದೆ. ಹೆದರಿ ಬ್ರೇಕು ಜಗ್ಗಿದವನು ಇಂಜಿನ್ನಿಗೆ ಇನ್ನಷ್ಟು ಎಣ್ಣೆ ಹಾಕಿದಂತೆ. 1978ರಲ್ಲಿ ಫ್ರಾನ್ಸಿನ ಮ್ಯೂಸಿ ಎಂಬ ಊರಿನ ಇಳಿಜಾರಿನಿಂದ ಪ್ಯಾರಾಚೂಟ್ ಜಿಗಿತಗಾರರು ಓಡಿ ಹಾರಿದ್ದೇ ಈ ಆಟಕ್ಕೆ ನಾಂದಿಯಾಯಿತು, ಆದರೆ ಇಂದಿನ ರೆಕ್ಕೆ ಪ್ಯಾರಾಚೂಟ್ ಅಲ್ಲ, ಅದು ತಡೆಯುವುದಕ್ಕಿಂತ ಹಾರುವುದಕ್ಕೇ ಹೊಲಿದದ್ದು. ಆದ್ದರಿಂದ ಹೊಡೆತ ಬಂದರೆ ಬ್ರೇಕು ಬಿಟ್ಟು, ಅತಿ ಹಿಂದಿನ ರೈಸರ್‌ಗಳೆರಡನ್ನೂ ಹಿಡಿದು ಎದೆಗೆ ಬಿಗಿಯಾಗಿ ಎಳೆದುಕೊಳ್ಳಿ, ಅದೇ ಹೊತ್ತಿಗೆ ರೆಕ್ಕೆಯ ಕಡೆಗೆ ಓಡಿ. ಓಡಿದಷ್ಟೂ ಎಳೆತ ತಗ್ಗುತ್ತದೆ, ರೆಕ್ಕೆ ಗಾಳಿ ಕಳೆದುಕೊಂಡು ಬಟ್ಟೆಯಾಗಿ ಮಲಗುತ್ತದೆ. ಬಿದ್ದು ಎಳೆಸಿಕೊಳ್ಳುತ್ತಿದ್ದರೆ ಒಂದೇ ಬದಿಯ ಬ್ರೇಕು ಲೈನನ್ನು ಕೈಮೇಲೆ ಕೈ ಹಾಕಿ, ಬಾವಿಯ ಹಗ್ಗ ಸೇದಿದಂತೆ, ಬಟ್ಟೆ ಕೈಗೆ ಸಿಗುವವರೆಗೆ ಸೇದಿ. ಲೈನನ್ನು ಮಾತ್ರ ಕೈಗೆ ಸುತ್ತಿಕೊಳ್ಳಬಾರದು. ಒಬ್ಬರೇ ಅಭ್ಯಾಸ ಮಾಡಬಾರದೆಂದು ಹೇಳುವುದು ಇದಕ್ಕೇ. ಹಾರ್ನೆಸ್ಸಿನ ಬೆನ್ನು ಹಿಡಿಯಲು ಒಬ್ಬರು, ರೆಕ್ಕೆಯ ತುದಿ ಹಿಡಿಯಲು ಒಬ್ಬರು, ಇಬ್ಬರಾದರೂ ಜೊತೆಗಿರಲಿ.

ಗಾಳಿಗೆ ತಿರುಗುವುದು ಕೊನೆಯ ಪಾಠ. ರೆಕ್ಕೆ ನೆತ್ತಿಯ ಮೇಲೆ ಸ್ಥಿರವಾಗಿ ನಿಂತ ಮೇಲಷ್ಟೇ ತಿರುಗಿ, ತಿರುಗಿದ ಕೂಡಲೇ ಮುಂದಕ್ಕೆ ವಾಲಿ ನಡೆಯತೊಡಗಿ. ತಿರುಗಿ ಸುಮ್ಮನೆ ನಿಂತರೆ ರೆಕ್ಕೆ ಹಿಂದಕ್ಕೆ ಜಾರುತ್ತದೆ.

ಮುಗಿದ ಮೇಲೆ ರೆಕ್ಕೆಯನ್ನು ಬಿಸಿಲಿನಲ್ಲಿ ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ಮಡಚುವ ಮೊದಲು ಹಿಂದಿನ ಅಂಚನ್ನು ಮೇಲೆತ್ತಿ, ಕೋಶಗಳ ಬಾಯಿ ಕೆಳಗಾಗುವಂತೆ ಕೊಡವಿ. ಎರೆಮಣ್ಣಿನ ಹೆಂಟೆ, ಹುಲ್ಲಿನ ಬೀಜ, ಒಮ್ಮೊಮ್ಮೆ ಮಿಡತೆಗಳೂ ಉದುರುತ್ತವೆ. ಒಳಗೇ ಸತ್ತ ಮಿಡತೆಯ ರಸ ಬಟ್ಟೆಗೆ ಕಲೆ ಹಾಕುತ್ತದೆ. ಮಣ್ಣು ಹಸಿಯಿದ್ದರೆ ಉಜ್ಜದೆ ಒಣಗಲು ಬಿಟ್ಟು ಮೃದು ಬ್ರಷ್ಷಿನಿಂದ ತೆಗೆಯಿರಿ. ಸಾಬೂನು, ವಾಷಿಂಗ್ ಮಷಿನ್ ಎರಡೂ ನಿಷಿದ್ಧ. ಅಂಗಡಿಯಲ್ಲಿ ‘ರೆಕ್ಕೆ ತೊಳೆಯುವ ದ್ರಾವಣ’ ಎಂದು ಮಾರುವುದನ್ನೂ ನಾನು ಕೊಳ್ಳುವುದಿಲ್ಲ, ಸಾದಾ ನೀರಿನಲ್ಲಿ ಅದ್ದಿದ ಬಟ್ಟೆ ಸಾಕು. ಮನೆಯಲ್ಲಿ ಚೀಲವನ್ನು ಕಾಳಿನ ಮೂಟೆಗಳ ಪಕ್ಕ ಇಡಬೇಡಿ, ಇಲಿಗಳು ಜೋಳದಷ್ಟೇ ನೈಲಾನನ್ನೂ ಕಡಿಯುತ್ತವೆ. ಗೂಟಕ್ಕೆ ನೇತುಹಾಕಿ, ಚೀಲದ ಬಾಯಿಯನ್ನು ಸಡಿಲ ಬಿಡಿ.