ಹದಿನಾರನೆಯ ಹುಡುಗ

ಮೈದಾನಕ್ಕೆ ಹೋದೊಡನೆ ನಾನು ಮೊದಲು ಮಾಡುವ ಕೆಲಸ ತಲೆ ಎಣಿಸುವುದು. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ವಾರ್ಡಿನ ಹಾಸಿಗೆಗಳನ್ನು ಒಂದೊಂದಾಗಿ ನೋಡಿಕೊಂಡು ಬರುವ ನರ್ಸ್‌ಗೆ ಅದು ಮೈಗಂಟಿದ ಅಭ್ಯಾಸ. ಇಪ್ಪತ್ತೆರಡು ಮಕ್ಕಳಿದ್ದರೆ ಮನಸ್ಸು ಹಗುರಾಗುತ್ತದೆ. ಹದಿನೆಂಟಕ್ಕೆ ಇಳಿದರೆ ಬಾರದವರು ಯಾರೆಂದು ಹುಡುಕಲು ತೊಡಗುತ್ತದೆ.

ಐರ್ಲೆಂಡಿನ ಪಶ್ಚಿಮದಲ್ಲಿರುವ ಮೇಯೋ ಕೌಂಟಿಯ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಕಾರ್ಕಳದ ಕಡೆಯಿಂದ ನಾನು ಇಲ್ಲಿಗೆ ಬಂದದ್ದು 2006ರಲ್ಲಿ, ನರ್ಸ್ ಕೆಲಸಕ್ಕೆ. ಹಳ್ಳಿ ಎಂದರೆ ಒಂದು ಚರ್ಚ್, ಒಂದು ಅಂಗಡಿ, ಇಬ್ಬರು ಶಿಕ್ಷಕರ ಶಾಲೆ, ಒಂದು ಗೇಲಿಕ್ ಫುಟ್‌ಬಾಲ್ ಮೈದಾನ. ಸಂಜೆ ದೀಪ ಉರಿಯುವುದು ಆ ಮೈದಾನದಲ್ಲಿ ಮಾತ್ರ.

ಈ ಆಟವನ್ನು ನೋಡದವರಿಗಾಗಿ ನಾಲ್ಕು ಮಾತು. ಒಂದು ತಂಡಕ್ಕೆ ಹದಿನೈದು ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಮುಷ್ಟಿಯಿಂದ ಹೊಡೆದು ಪಾಸ್ ಕೊಡಬಹುದು. ಆದರೆ ಕೈಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ಮೇಲೆ ಬೀಳಿಸಿ ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಗೋಲುಕಂಬಗಳ ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹೋದರೆ ಒಂದು ಅಂಕ, ಕೆಳಗಿನ ಬಲೆಗೆ ಬಿದ್ದರೆ ಮೂರು ಅಂಕದ ಗೋಲು. 2025ರಿಂದ ನಲವತ್ತು ಮೀಟರ್ ಆಚೆಯಿಂದ ಒದ್ದು ಮೇಲಿನಿಂದ ದಾಟಿಸಿದರೆ ಎರಡು ಅಂಕ. ಆಟವನ್ನು ನಡೆಸುವ ಸಂಸ್ಥೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ (ಜಿಎಎ) 1884ರಲ್ಲಿ ಟಿಪರೇರಿಯ ಥರ್ಲಸ್ ಪಟ್ಟಣದ ಒಂದು ಹೋಟೆಲಿನಲ್ಲಿ ಹುಟ್ಟಿತು. ಇಂದಿಗೂ ಆಟಗಾರರಿಗೆ ಸಂಬಳವಿಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರ ಜನರ ಮುಂದೆ ಫೈನಲ್ ಆಡಿದವರು ಮರುದಿನವೋ ಅದರ ಮರುದಿನವೋ ಶಾಲೆಗೆ ಪಾಠ ಹೇಳಲು ಹೋಗುತ್ತಾರೆ, ಹಸುಗಳಿಗೆ ಮೇವು ಹಾಕುತ್ತಾರೆ. ಮನಸ್ಸಿಗೆ ಬಂದ ಕ್ಲಬ್ಬಿಗೆ ಸೇರುವುದೂ ಇಲ್ಲ. ಯಾವ ಪ್ಯಾರಿಷ್‌ನಲ್ಲಿ, ಅಂದರೆ ಯಾವ ಚರ್ಚಿನ ವ್ಯಾಪ್ತಿಯ ಊರಿನಲ್ಲಿ ಬೆಳೆದಿದ್ದೀರೋ ಆ ಊರಿನ ಜೆರ್ಸಿ. ನಮ್ಮೂರಿನ ಯುವಕ ಮಂಡಲದ ಕಬಡ್ಡಿ ತಂಡವನ್ನು ಕಂಡವಳಾದ್ದರಿಂದ ನನಗೆ ಇದು ಕೂಡಲೇ ಅರ್ಥವಾಯಿತು.

ಅರ್ಥವಾಗಲು ಹೊತ್ತು ಹಿಡಿದದ್ದು ಇನ್ನೊಂದು. ಊರಿನ ಮಕ್ಕಳಷ್ಟೇ ಆಡುವ ಕ್ಲಬ್ಬಿಗೆ ಊರಿನಲ್ಲಿ ಮಕ್ಕಳೇ ಇಲ್ಲದಿದ್ದರೆ ಹೊರಗಿನಿಂದ ತರುವ ದಾರಿ ಇಲ್ಲ.

ನನ್ನ ಮಗನನ್ನು ಆರನೆಯ ವಯಸ್ಸಿನಲ್ಲಿ, 2014ರಲ್ಲಿ, ಅಲ್ಲಿಗೆ ಕರೆದುಕೊಂಡು ಹೋದೆ. ಮುಂದಿನ ವರ್ಷ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದ ಹಿರಿಯರು ಬೇಲಿಯಾಚೆ ನಿಂತಿದ್ದ ನನ್ನನ್ನು ಕರೆದು, "ಹೇಗೂ ಒಂದು ಗಂಟೆ ಚಳಿಯಲ್ಲಿ ನಿಂತಿರುತ್ತೀರಿ, ಒಳಗೆ ಬಂದು ನಿಲ್ಲಿ" ಎಂದರು. ಇಲ್ಲಿ ಬಹುತೇಕ ಕೋಚ್‌ಗಳು ಹುಟ್ಟುವುದೇ ಹೀಗೆ. ಐರಿಷ್ ಪೊಲೀಸರು, ಅಂದರೆ ಗಾರ್ಡಾ, ನನ್ನ ಹಿನ್ನೆಲೆಯನ್ನು ಪರಿಶೀಲಿಸಿದರು. ಮಕ್ಕಳ ಸುರಕ್ಷತೆಯ ತರಗತಿ, ತರಬೇತಿಯ ಮೊದಲ ಹಂತದ ತರಗತಿ ಎರಡನ್ನೂ ಮುಗಿಸಿದೆ. ಮಕ್ಕಳು ನನ್ನನ್ನು ಹೆಸರು ಹಿಡಿದು ಕರೆದಾಗ ಮೊದಲ ತಿಂಗಳು ಕಸಿವಿಸಿಯಾಗುತ್ತಿತ್ತು. ಕಲಿಸುವವರನ್ನು ಮೇಡಂ ಎನ್ನದೆ ಮಾತಾಡಿಸುವುದನ್ನು ನಾನು ಕಂಡಿರಲಿಲ್ಲ. ಆಮೇಲೆ ಆ ಹೆಸರಿನಲ್ಲಿ ಇರುವ ಸಲುಗೆ ಎಷ್ಟು ಕೆಲಸಕ್ಕೆ ಬರುತ್ತದೆಂದು ತಿಳಿಯಿತು.

ಆ ಮೊದಲ ಗುಂಪಿನಲ್ಲಿ ಒಬ್ಬ ದುಂಡುಮುಖದ ಹುಡುಗ. ನೆಲದ ಮೇಲಿನ ಚೆಂಡನ್ನು ಕೈಯಿಂದ ನೇರವಾಗಿ ಎತ್ತುವಂತಿಲ್ಲ. ಪಕ್ಕದಲ್ಲಿ ಒಂದು ಕಾಲೂರಿ, ಬಾಗಿ, ಇನ್ನೊಂದು ಪಾದದ ತುದಿಯನ್ನು ಚೆಂಡಿನ ಅಡಿಗೆ ತೂರಿಸಿ, ಅದು ಏಳುವ ಕ್ಷಣದಲ್ಲಿ ಎರಡೂ ಕೈಗಳಿಂದ ಬಾಚಿಕೊಳ್ಳಬೇಕು. ಅವನು ಬಾಗುತ್ತಿದ್ದ, ಚೆಂಡು ಮುಂದಕ್ಕೆ ಉರುಳುತ್ತಿತ್ತು. ಅದರ ಹಿಂದೆ ಹೋಗಿ ಮತ್ತೆ ಬಾಗುತ್ತಿದ್ದ. ಉಳಿದವರು ಆ ಚೆಂಡನ್ನು ಕಸಿದುಕೊಂಡು ಹೋಗಿಬಿಡುತ್ತಿದ್ದರು. ನಾನೂ ಆಗಷ್ಟೇ ಕಲಿಯುತ್ತಿದ್ದೆನಾದ್ದರಿಂದ ಅವನು ಎಲ್ಲಿ ತಪ್ಪುತ್ತಿದ್ದಾನೆಂದು ನನಗೆ ಕಂಡಿತು. ಊರುವ ಕಾಲು ಚೆಂಡಿಗಿಂತ ಒಂದು ಗೇಣು ಹಿಂದೆ ಉಳಿಯುತ್ತಿತ್ತು. ಮೈದಾನದ ಮೂಲೆಯಲ್ಲಿ ಒಂದು ಕೋನ್ ಇಟ್ಟು, "ನಿನ್ನ ಕಾಲು ಇಲ್ಲಿ, ಚೆಂಡು ಇಲ್ಲಿ" ಎಂದೆ. ಮೂರು ಶನಿವಾರ ಅದೇ ಪಾಠ. ನಾಲ್ಕನೆಯ ಶನಿವಾರ ಚೆಂಡು ಎದೆಗೆ ಬಂದಿತು. ಅದನ್ನು ಅವುಚಿಕೊಂಡು ಎಲ್ಲಿಗೂ ಓಡದೆ ನನ್ನ ಮುಖ ನೋಡುತ್ತ ನಿಂತ. ಈ ಹುಡುಗನ ವಿಷಯಕ್ಕೆ ಮತ್ತೆ ಬರುತ್ತೇನೆ.

ನಮ್ಮ ಕ್ಲಬ್ಬಿನ ಗೋಡೆಯ ಮೇಲೆ ಹಳೆಯ ತಂಡಗಳ ಚಿತ್ರಗಳಿವೆ. ಒಂದೊಂದರಲ್ಲೂ ಇಪ್ಪತ್ತೈದು ಮೂವತ್ತು ಜನ. ಅವರೆಲ್ಲ ಈಗೆಲ್ಲಿ ಎಂದು ಒಮ್ಮೆ ಕೇಳಿದಾಗ ಹಿರಿಯರು ಬೆರಳಿಟ್ಟು ಹೇಳುತ್ತ ಹೋದರು: ಸಿಡ್ನಿ, ಪರ್ತ್, ಲಂಡನ್, ಡಬ್ಲಿನ್, ಡಬ್ಲಿನ್, ನ್ಯೂಯಾರ್ಕ್. ಹದಿನೆಂಟಕ್ಕೆ ಕಾಲೇಜೆಂದು ಗಾಲ್ವೇಗೋ ಡಬ್ಲಿನ್ನಿಗೋ ಹೋಗುತ್ತಾರೆ. ಕೆಲಸ ಅಲ್ಲೇ ಸಿಗುತ್ತದೆ, ಮನೆ ಮಾತ್ರ ಕೈಗೆಟುಕುವುದಿಲ್ಲ, ಆಮೇಲೆ ಆಸ್ಟ್ರೇಲಿಯಾ. ಊರಲ್ಲೇ ಮನೆ ಕಟ್ಟುತ್ತೇನೆಂದರೆ ಯೋಜನಾ ಅನುಮತಿ ಸಿಗುವುದು ಕಷ್ಟ. ಪೂರ್ವದ ದೊಡ್ಡ ಪಟ್ಟಣಗಳಲ್ಲಿ ಮಕ್ಕಳಿಗೆ ಮೈದಾನ ಸಾಲದು, ಇಲ್ಲಿ ಮೈದಾನಕ್ಕೆ ಮಕ್ಕಳು ಸಾಲದು. ಇದ್ಯಾವುದನ್ನೂ ಒಬ್ಬ ಕೋಚ್ ಸರಿಪಡಿಸಲಾರಳು. ನನ್ನ ಕೈಯಲ್ಲಿದ್ದದ್ದು ಒಂದೇ, ಊರಿನಲ್ಲಿ ಇರುವ ಮಕ್ಕಳು ಆಟ ಬಿಡದಂತೆ ನೋಡಿಕೊಳ್ಳುವುದು.

ಅದರಲ್ಲೂ ನಾನು ಎಚ್ಚೆತ್ತದ್ದು ತಡವಾಗಿ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಎಲ್ಲ ನಿಂತಿತು. ಆ ಬೇಸಿಗೆಯಲ್ಲಿ ಕೆಲವು ತಿಂಗಳು ಆಟ ನಡೆದು, ಚಳಿಗಾಲದಲ್ಲಿ ಮತ್ತೆ ನಿಂತಿತು. 2021ರ ಏಪ್ರಿಲ್ ಕೊನೆಯಲ್ಲಿ ಹದಿನೈದು ಹದಿನೈದು ಮಕ್ಕಳ ಗುಂಪು ಮಾಡಿ, ಮೈಗೆ ಮೈ ತಾಗದಂತೆ ಅಭ್ಯಾಸ ನಡೆಸಲು ಅನುಮತಿ ಬಂತು. ನಮಗೆ ಆ ನಿಯಮದಿಂದ ತೊಂದರೆಯೇ ಆಗಲಿಲ್ಲ, ಏಕೆಂದರೆ ಹದಿಮೂರರ ವಯೋಮಿತಿಗೆ ಬಂದವರೇ ಹದಿಮೂರು ಹುಡುಗರು. ಅದಕ್ಕೆ ಮೊದಲು ಹತ್ತೊಂಬತ್ತು ಇದ್ದರು. ಆರು ಮಕ್ಕಳು ಎಲ್ಲಿ ಹೋದರು?

ಆ ರಾತ್ರಿ ಆರೂ ಮನೆಗಳಿಗೆ ಫೋನ್ ಮಾಡಿದೆ. ಮಕ್ಕಳಿಗೆ ನೇರವಾಗಿ ಕರೆ ಮಾಡುವುದು, ಸಂದೇಶ ಕಳಿಸುವುದು ನಮ್ಮ ನಿಯಮಕ್ಕೆ ವಿರುದ್ಧ. ಏನಿದ್ದರೂ ತಂದೆ ತಾಯಿಯ ಮೂಲಕವೇ ಆಗಬೇಕು. ಮೊದಲು ಎಲ್ಲರೂ ಹೇಳಿದ್ದು ಒಂದೇ: "ಅವನಿಗೆ ಆಸಕ್ತಿ ಹೋಗಿದೆ." ನರ್ಸ್ ಕೆಲಸ ಕಲಿಸಿದ ಪಾಠವೆಂದರೆ, ರೋಗಿ ಮೊದಲು ಹೇಳುವ ನೋವು ಅಸಲಿ ನೋವಾಗಿರಬೇಕೆಂದಿಲ್ಲ. ಫೋನ್ ಇಡದೆ ಸುಮ್ಮನೆ ಕೇಳುತ್ತ ಕುಳಿತೆ. ಒಬ್ಬನ ತಂದೆಗೆ ರಾತ್ರಿ ಪಾಳಿ, ಬುಧವಾರ ಕರೆತರುವವರಿಲ್ಲ. ಇನ್ನೊಬ್ಬನಿಗೆ ಬೂಟು ಚಿಕ್ಕದಾಗಿದೆ, ಈ ತಿಂಗಳು ಹೊಸದು ಕೊಳ್ಳುವಂತಿಲ್ಲ, ಅದನ್ನು ಹೇಳಲು ನಾಚಿಕೆ. ಮತ್ತೊಬ್ಬ ಪಂದ್ಯ ಮುಗಿದು ಮನೆಗೆ ಹೋಗುವ ದಾರಿಯುದ್ದಕ್ಕೂ ಕಾರಿನಲ್ಲಿ ಅಪ್ಪನ ಬೈಗುಳ ಕೇಳಬೇಕಾಗಿತ್ತು. ಅದನ್ನು ಅವನ ತಾಯಿ ದನಿ ತಗ್ಗಿಸಿ ಹೇಳಿದರು. ಉಳಿದ ಮೂವರದು ಬೇರೆ ಬೇರೆ ಮಾತಾದರೂ ಒಳಗಿನ ಕಾರಣ ಒಂದೇ. ಹಿಂದಿನ ವರ್ಷ ದೊಡ್ಡವರ ತಂಡದಲ್ಲಿ ಬದಲಿ ಆಟಗಾರರಾಗಿ ಕೂತು ಕೂತು ಸಾಕಾಗಿತ್ತು. ಆರರಲ್ಲಿ ನಾಲ್ವರು ಮರಳಿ ಬಂದರು.

ಅಂದಿನಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಹಾಜರಿಯನ್ನು ಎಲ್ಲ ಕೋಚ್‌ಗಳೂ ಬರೆಯುತ್ತಾರೆ. ನಾನು ಬರೆಯುವುದು ಗೈರುಹಾಜರಿಯನ್ನು, ಮತ್ತು ಅದೇ ದಿನ ರಾತ್ರಿ ಕರೆ ಮಾಡುತ್ತೇನೆ. "ಯಾಕೆ ಬರಲಿಲ್ಲ" ಎಂದು ಎಂದೂ ಕೇಳುವುದಿಲ್ಲ. "ಇವತ್ತು ಅವನಿಲ್ಲದೆ ಬಲಗಡೆ ಖಾಲಿ ಹೊಡೆಯಿತು, ಹುಷಾರಾಗಿದ್ದಾನಾ?" ಎನ್ನುತ್ತೇನೆ. ಮಗು ಒಂದೇ ದಿನದಲ್ಲಿ ಆಟ ಬಿಡುವುದಿಲ್ಲ. ಮೊದಲ ವಾರ ಜ್ವರ, ಎರಡನೆಯ ವಾರ ಯಾರದೋ ಹುಟ್ಟುಹಬ್ಬ, ಮೂರನೆಯ ವಾರ ಮಳೆ. ಅಷ್ಟರಲ್ಲಿ ತಾನಿಲ್ಲದಿದ್ದರೂ ನಡೆಯುತ್ತದೆ ಎಂದು ಅದಕ್ಕೆ ಖಚಿತವಾಗಿರುತ್ತದೆ. ನಾಲ್ಕನೆಯ ವಾರದ ಫೋನ್ ಕರೆಯಿಂದ ಒಬ್ಬರೂ ಹಿಂದಿರುಗಿದ್ದನ್ನು ನಾನು ಕಂಡಿಲ್ಲ.

ಬೂಟುಗಳಿಗಾಗಿ ಕ್ಲಬ್ಬಿನ ಕೋಣೆಯಲ್ಲಿ ಒಂದು ಕಪಾಟು ಬಂತು. ಚಿಕ್ಕದಾದದ್ದನ್ನು ತೊಳೆದು ಇಟ್ಟು, ಅಳತೆಗೆ ಸರಿಯಾದದ್ದನ್ನು ಎತ್ತಿಕೊಂಡು ಹೋಗಬೇಕು. ಯಾರೂ ಕೇಳಬೇಕಿಲ್ಲ, ಯಾರೂ ಬರೆದಿಡುವುದಿಲ್ಲ. ನನ್ನ ಮಗನ ಬೂಟುಗಳನ್ನು ಮೊದಲು ಇಟ್ಟು, ಅವನಿಗೆ ಬೇಕಾದದ್ದನ್ನು ಎಲ್ಲರ ಕಣ್ಣೆದುರಿಗೇ ಅಲ್ಲಿಂದ ತೆಗೆದುಕೊಂಡೆ. ಪಕ್ಕದ ಊರಿನ ಸಾಕರ್ ಕೋಚ್‌ಗೂ ಒಮ್ಮೆ ಕರೆ ಮಾಡಿದೆ. ನಮ್ಮ ಒಂಬತ್ತು ಹುಡುಗರು ಅವರಲ್ಲೂ ಆಡುತ್ತಿದ್ದರು, ಇಬ್ಬರೂ ಬುಧವಾರವನ್ನೇ ಹಿಡಿದುಕೊಂಡಿದ್ದೆವು. ಹತ್ತು ನಿಮಿಷದ ಮಾತಿನಲ್ಲಿ ಅವರು ಗುರುವಾರಕ್ಕೆ ಹೋದರು. ಇದನ್ನು ಐದು ವರ್ಷ ಮೊದಲೇ ಮಾಡಬೇಕಿತ್ತು.

ಬದಲಿ ಆಟಗಾರರ ವಿಷಯ ಅಷ್ಟು ಸುಲಭದ್ದಲ್ಲ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಜಿಎಎ ಚೆಂದದ ಪದ್ಧತಿಯೊಂದನ್ನು ಮಾಡಿದೆ. ಚಿಕ್ಕ ಮೈದಾನ, ಚಿಕ್ಕ ತಂಡ, ಎಲ್ಲರೂ ಪೂರ್ತಿ ಆಡಬೇಕು, ಅಂಕಪಟ್ಟಿ ಇಲ್ಲ. ಹದಿಮೂರಕ್ಕೆ ಬಂದೊಡನೆ ಲೀಗ್, ಕಪ್, ಸೆಮಿಫೈನಲ್. ನಿನ್ನೆಯವರೆಗೆ ಆಡುತ್ತಿದ್ದ ಮಗು ಇವತ್ತು ಕೋಟು ಹೊದ್ದು ಗೆರೆಯಾಚೆ ನಿಂತಿರುತ್ತದೆ. ಅದೇ ವಯಸ್ಸಿನಲ್ಲಿ ಶಾಲೆ ಬದಲಾಗಿ ಹೈಸ್ಕೂಲು ಬರುತ್ತದೆ, ಮೈ ಬದಲಾಗುತ್ತದೆ, ಕೈಗೆ ಮೊಬೈಲ್ ಬರುತ್ತದೆ. ಎಲ್ಲ ಒಟ್ಟಿಗೆ.

2023ರಲ್ಲಿ ಹದಿನೈದರ ವಯೋಮಿತಿಗೆ ನಮ್ಮಲ್ಲಿ ತಂಡ ಕಟ್ಟುವಷ್ಟು ಹುಡುಗರು ಉಳಿಯಲಿಲ್ಲ. ನೂರು ವರ್ಷದಿಂದ ನಾವು ಯಾರನ್ನು ಸೋಲಿಸಬೇಕೆಂದು ಹಂಬಲಿಸುತ್ತಿದ್ದೆವೋ ಆ ನೆರೆಯ ಪ್ಯಾರಿಷ್ ಜೊತೆಗೇ ಜಂಟಿ ತಂಡ ಮಾಡಬೇಕಾಯಿತು. ಜನವರಿಯ ಒಂದು ರಾತ್ರಿ ಎರಡೂ ಊರಿನವರು ಸೇರಿದರು. ಚಹಾದ ಕಪ್ಪುಗಳನ್ನು ಯಾರೂ ಮುಟ್ಟಲಿಲ್ಲ. ಹೆಸರು ಯಾವುದು, ಬಣ್ಣ ಯಾವುದು, ಯಾರ ಮೈದಾನ ಎಂದು ಎರಡು ಗಂಟೆ ಮಾತು. ಎಂಬತ್ತು ದಾಟಿದ ಒಬ್ಬರು ಎದ್ದು ನಿಂತು, ತನ್ನ ತಂದೆಯ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದು ಈ ಜೆರ್ಸಿ ಎಂದಷ್ಟೇ ಹೇಳಿ ಕುಳಿತರು. ಹೊರಗಿನವಳಾದ ನನಗೆ ಅಲ್ಲಿ ಮಾತಾಡುವ ಹಕ್ಕಿದೆಯೇ ಎಂದು ಅಳುಕಿತ್ತು. ಆದರೂ ಎದ್ದು ನೋಟ್‌ಬುಕ್ ತೆರೆದು ಎರಡೂ ಊರಿನ ಹತ್ತೊಂಬತ್ತು ಹುಡುಗರ ಹೆಸರನ್ನು ಒಂದೊಂದಾಗಿ ಓದಿದೆ. ಬೇರೇನೂ ಹೇಳಲಿಲ್ಲ. ಅರ್ಧದಷ್ಟು ಪಂದ್ಯಗಳು ಅವರ ಮೈದಾನದಲ್ಲಿ, ಉಳಿದರ್ಧ ನಮ್ಮಲ್ಲಿ, ಹೊಸ ಬಣ್ಣದ ಜೆರ್ಸಿ ಎಂದು ಆ ರಾತ್ರಿ ಒಪ್ಪಿಗೆಯಾಯಿತು.

ವರ್ಷದ ಮೊದಲ ಅಭ್ಯಾಸದಂದೇ ಪೋಷಕರನ್ನು ನಿಲ್ಲಿಸಿ, ಬಂದ ಪ್ರತಿ ಹುಡುಗನಿಗೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಆಟ ಎಂದು ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಸೆಮಿಫೈನಲ್‌ನಲ್ಲಿ ವಿರಾಮದ ಹೊತ್ತಿಗೆ ನಾವು ನಾಲ್ಕು ಅಂಕ ಮುಂದಿದ್ದೆವು. ನಾಲ್ವರನ್ನು ಹೊರಗೆ ಕರೆದು ನಾಲ್ವರನ್ನು ಒಳಗೆ ಕಳಿಸಿದೆ. ಹೊರಬಂದವರಲ್ಲಿ ನಮ್ಮ ಅತಿ ವೇಗದ ಹುಡುಗನಿದ್ದ, ಒಳಹೋದವರಲ್ಲಿ ಆ ದುಂಡುಮುಖದವನಿದ್ದ. ಸೋತೆವು. ನಮ್ಮದು ಎರಡು ಗೋಲು ಏಳು ಅಂಕ, ಒಟ್ಟು ಹದಿಮೂರು. ಅವರದು ಒಂದು ಗೋಲು ಹನ್ನೊಂದು ಅಂಕ, ಒಟ್ಟು ಹದಿನಾಲ್ಕು. ವೇಗದ ಹುಡುಗನ ತಂದೆ ನನ್ನ ಮುಂದೆ ಬಂದು, "ನನ್ನ ಮಗನ ಫೈನಲ್ ಅನ್ನು ನೀವು ಕಸಿದುಕೊಂಡಿರಿ" ಎಂದರು. ಅವರು ಕೂಗಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆ ಹುಡುಗನ ಕಣ್ಣೀರು ಸುಳ್ಳಲ್ಲ. ಆದರೂ ಮತ್ತೆ ಅದೇ ಪಂದ್ಯ ಬಂದರೆ ಅದನ್ನೇ ಮಾಡುತ್ತೇನೆ. ಮೂವತ್ತು ಮಕ್ಕಳಿರುವ ಕ್ಲಬ್ಬಿಗೆ ಹದಿನಾರನೆಯ ಹುಡುಗ ಬದಲಿ ಆಟಗಾರ. ನಮ್ಮಂಥ ಊರಿಗೆ ಅವನು ನಾಲ್ಕು ವರ್ಷದ ನಂತರದ ಹಿರಿಯರ ತಂಡ. ದುಂಡುಮುಖದವನು ಈಗ ಆರಡಿ ಎತ್ತರ, 2025ರಲ್ಲಿ ಹದಿನೇಳರ ತಂಡಕ್ಕೆ ಗೋಲಿನ ಮುಂದೆ ನಿಲ್ಲುತ್ತಿದ್ದ. ಅವನನ್ನು ದಾಟಿ ಹೋಗುವುದು ಸುಲಭವಲ್ಲ.

ನನ್ನ ಮಗ ಆಟ ಬಿಟ್ಟ, ಹದಿನಾರಕ್ಕೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಅರ್ಧ ಸತ್ಯವಾಗುತ್ತದೆ. ಪರೀಕ್ಷೆಯ ಕಾರಣ ಹೇಳಿದ. ನಾನು ನಂಬಿದೆ, ಏಕೆಂದರೆ ಆ ವಯಸ್ಸಿನಲ್ಲಿ ಅನೇಕರು ಹೋಗುವುದು ಪರೀಕ್ಷೆಗಾಗಿ, ವಾರಾಂತ್ಯದ ಕೆಲಸಕ್ಕಾಗಿ. ಒಂದು ವರ್ಷದ ನಂತರ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ ಹೇಳಿದ: "ಅಮ್ಮಾ, ಮೈದಾನದಲ್ಲೂ ನೀನೇ ಕೋಚ್, ಮನೆಯಲ್ಲೂ ನೀನೇ ಕೋಚ್. ನನಗೆ ಊಟಕ್ಕೆ ಕೂತಾಗ ಅಮ್ಮ ಬೇಕಿತ್ತು." ಊರಿನ ಎಲ್ಲ ಮನೆಗೆ ಫೋನ್ ಮಾಡಿದವಳು ನನ್ನ ಮನೆಯಲ್ಲಿ ಕೇಳಿರಲಿಲ್ಲ. ಅವನು ಆಟಕ್ಕೆ ಮರಳಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ಈಗ ಕೋಚ್‌ಗಳ ಮಕ್ಕಳನ್ನು ಬೇರೆ ಕೋಚ್ ಕೈಯಲ್ಲಿಡುವ ಪದ್ಧತಿಯನ್ನು ನಮ್ಮ ಕ್ಲಬ್ಬಿನಲ್ಲಿ ತಂದಿದ್ದೇವೆ, ಎಷ್ಟು ಸಾಧ್ಯವೋ ಅಷ್ಟು.

ನಾನು ಮತ್ತೆ ಒಂಬತ್ತರೊಳಗಿನ ಮಕ್ಕಳ ಬಳಿಗೆ ಬಂದಿದ್ದೇನೆ. ಇಲ್ಲಿ ಹುಡುಗರು, ಹುಡುಗಿಯರು ಒಟ್ಟಿಗೆ ಆಡುತ್ತಾರೆ. ಇಬ್ಬರು ಮಲಯಾಳಿ ಮಕ್ಕಳು, ಒಬ್ಬ ಬ್ರೆಜಿಲ್ ಹುಡುಗ, ಯುದ್ಧ ಬಿಟ್ಟು ಬಂದ ಉಕ್ರೇನಿನ ಒಬ್ಬ ಹುಡುಗಿ. ಪಾಕಿಸ್ತಾನದಲ್ಲಿ ಹುಟ್ಟಿದ ಶೈರೋಜ್ ಅಕ್ರಂ 2016ರಲ್ಲಿ ಮೇಯೋದ ಇಪ್ಪತ್ತೊಂದರೊಳಗಿನವರ ತಂಡದಲ್ಲಿದ್ದು ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದದ್ದನ್ನು ಈ ಮಕ್ಕಳ ತಂದೆ ತಾಯಿಗೆ ನಾನು ತಪ್ಪದೆ ಹೇಳುತ್ತೇನೆ. ಈ ಊರಿನ ಜೆರ್ಸಿ ತಮ್ಮ ಮಗುವಿಗೂ ಸಲ್ಲುತ್ತದೆಯೇ ಎಂಬ ಅನುಮಾನ ಅವರಲ್ಲಿ ಇರುತ್ತದೆ. ನನ್ನಲ್ಲೂ ಇತ್ತು.

ಕಳೆದ ಶನಿವಾರ ಇಬ್ಬರು ಬಂದಿರಲಿಲ್ಲ. ಒಬ್ಬನಿಗೆ ಕಿವಿನೋವು. ಉಕ್ರೇನಿನ ಹುಡುಗಿಯ ತಾಯಿ ಫೋನ್ ಎತ್ತಿ, ತಮ್ಮನ್ನು ಬೇರೆ ಊರಿನ ನಿರಾಶ್ರಿತರ ವಸತಿಗೆ ಕಳಿಸುತ್ತಿದ್ದಾರೆ, ಸೋಮವಾರ ಹೊರಡಬೇಕು ಎಂದರು. ಊರಿನ ಹೆಸರು ಕೇಳಿ ಬರೆದುಕೊಂಡೆ. ಎರಡು ಕೌಂಟಿಗಳ ಆಚೆ. ಅಲ್ಲಿಯ ಕ್ಲಬ್ಬಿನ ನಂಬರ್ ಹುಡುಕಿ ಒಂಬತ್ತರೊಳಗಿನ ಮಕ್ಕಳ ಕೋಚ್ ಜೊತೆ ಮಾತಾಡಿದೆ. ಅವಳು ಎಡಗಾಲಿನಿಂದ ಒದೆಯುತ್ತಾಳೆ, ಬೂಟಿನ ಅಳತೆ ಎರಡು, ಇಂಗ್ಲಿಷ್ ಬೇಗ ಬೇಗ ಮಾತಾಡಿದರೆ ತಿಳಿಯುವುದಿಲ್ಲ, ಚೆಂಡು ಎತ್ತುವುದನ್ನು ಈಗಷ್ಟೇ ಕಲಿತಿದ್ದಾಳೆ ಎಂದು ಹೇಳಿದೆ. ಅವರಲ್ಲಿ ಅಭ್ಯಾಸ ಮಂಗಳವಾರ ಸಂಜೆ ಆರೂವರೆಗೆ. ಗೇಟಿನ ಬಳಿ ನಿಂತಿರುತ್ತೇನೆ ಎಂದರು.